ಆಟಿ ಕಷಾಯಕ್ಕೆ ರಾಶಿ ಯಾಕೆ ಬೇಕು?

ನಮ್ಮ ಮನೆತನ ಕಾರ್ಕಳದ ಕಡೆಯದು. ಈಗ ಎಲ್ಲರೂ ಇರುವುದು ಡೊಂಬಿವಲಿ, ಮುಲುಂಡ್, ಪೊವಾಯಿ, ಪನ್ವೇಲ್, ಪುಣೆಯಲ್ಲಿ. ನಾನು ಠಾಣೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ಫಾರ್ಮಸಿಸ್ಟ್. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಕಡೆಯ ರೂಢಿ, ಅದೇ ಆಟಿ ಕಷಾಯ. ಆ ಅಮಾವಾಸ್ಯೆ ಹತ್ತಿರ ಬಂದಾಗ ಕುಟುಂಬದ ಗುಂಪಿಗೆ ದೊಡ್ಡಪ್ಪ ಒಂದು ಬಣ್ಣದ ಪಟ್ಟಿ ಹಾಕಿದರು. ಹುಟ್ಟಿದ ತಾರೀಖು ನೋಡಿ ರಾಶಿ ಹುಡುಕಬೇಕು, ಆ ರಾಶಿಯ ಮುಂದೆ ಬರೆದ ಗಿಡದ ಕಷಾಯವನ್ನು ಮಳೆಗಾಲ ಮುಗಿಯುವ ತನಕ ದಿನಾ ಕುಡಿಯಬೇಕು. ಕೊನೆಗೆ ಸಣ್ಣ ಅಕ್ಷರದಲ್ಲಿ, ಕಷಾಯ ಕುಡಿಯುವಾಗ ಬಿಪಿ, ಶುಗರ್ ಮಾತ್ರೆ ಬೇಡ ಅಂತ ಬರೆದಿತ್ತು. ಇದೇ ಪಟ್ಟಿ ಬೇರೆ ಗುಂಪುಗಳಲ್ಲೂ ಓಡಾಡುತ್ತಿದೆ. ಹಾಗಾಗಿ ನಮ್ಮಲ್ಲಿ ನಡೆದ ಮಾತನ್ನು ಮನೆಯವರ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

ಡೊಂಬಿವಲಿ ದೊಡ್ಡಪ್ಪ: ಎಲ್ಲರೂ ಓದಿ, ಉಳಿಸಿಟ್ಟುಕೊಳ್ಳಿ. ನಮ್ಮ ಹಿರಿಯರು ಮಳೆಯನ್ನೇ ನಕ್ಷತ್ರದ ಲೆಕ್ಕದಲ್ಲಿ ಗುರುತಿಸಿದವರು. ಮದ್ದನ್ನೂ ಹಾಗೇ ಗುರುತಿಸಿದ್ದರು. ನಿಮ್ಮ ದೊಡ್ಡಮ್ಮ ಸಿಂಹ ರಾಶಿ, ಅವಳಿಗೆ ಅತಿಮಧುರದ (ಜ್ಯೇಷ್ಠಮಧು) ಬೇರು ಬಂದಿದೆ. ಮೊನ್ನೆಯಿಂದ ಶುರು ಮಾಡಿದ್ದಾಳೆ.

ನಾನು: ದೊಡ್ಡಪ್ಪ, ಬಿಪಿ ಮಾತ್ರೆ ನಿಲ್ಲಿಸಿದ್ದಾರಾ?

ಡೊಂಬಿವಲಿ ದೊಡ್ಡಪ್ಪ: ಹೌದು. ಆರಾಮಾಗಿದ್ದಾಳೆ.

ನಾನು: ದಯವಿಟ್ಟು ಈಗಲೇ ಅವರ ಡಾಕ್ಟರಿಗೆ ಫೋನ್ ಮಾಡಿ. ಇವತ್ತಿನ ಮಾತ್ರೆ ಕೊಡಿ. ತಪ್ಪಿದ್ದನ್ನು ಸೇರಿಸಿ ಎರಡೆರಡು ಕೊಡಬೇಡಿ. ಅತಿಮಧುರ ಪೂರ್ತಿ ನಿಲ್ಲಿಸಿ. ಗಂಟಲು ಕೆರೆತಕ್ಕೆ ಒಂದು ಚೂರು ಬಾಯಲ್ಲಿ ಇಟ್ಟುಕೊಳ್ಳುವುದು ಬೇರೆ, ದಿನಾ ಕಷಾಯ ಮಾಡಿ ಕುಡಿಯುವುದು ಬೇರೆ. ಅದು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ, ಬಿಪಿ ಏರಿಸುತ್ತದೆ. ಬಿಪಿ ಇರುವವರಿಗೆ ಕೊಡಲೇಬಾರದ ಬೇರನ್ನು ಕೊಟ್ಟು ಮಾತ್ರೆಯನ್ನೂ ನಿಲ್ಲಿಸಿ ಅಂತ ಈ ಪಟ್ಟಿ ಹೇಳುತ್ತಿದೆ. ತಲೆನೋವು, ಎದೆ ಹಿಡಿದ ಹಾಗೆ ಅನಿಸಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪನ್ವೇಲ್ ಭಾವ: ಮಾವ, ನಾನೂ ಪಂಚಾಂಗ ನೋಡುವವನೇ. ಆದರೆ ಈ ಪಟ್ಟಿ ಮಾಡಿದವರಿಗೆ ಪಂಚಾಂಗವೂ ಗೊತ್ತಿಲ್ಲ. ನಮ್ಮಲ್ಲಿ ಜನ್ಮರಾಶಿ ಅಂದರೆ ಹುಟ್ಟಿದಾಗ ಚಂದ್ರ ಇದ್ದ ರಾಶಿ. ಚಂದ್ರ ಒಂದು ರಾಶಿಯಲ್ಲಿ ಇರುವುದು ಸುಮಾರು ಎರಡೂಕಾಲು ದಿನ. ಜುಲೈ 23ರಿಂದ ಆಗಸ್ಟ್ 22ರ ತನಕ ಹುಟ್ಟಿದವರೆಲ್ಲ ಸಿಂಹ ಅನ್ನುವುದು ಪಾಶ್ಚಾತ್ಯರ ಸೂರ್ಯರಾಶಿಯ ಲೆಕ್ಕ. ಅತ್ತೆಯ ಜಾತಕ ನಾನು ನೋಡಿದ್ದೇನೆ, ಅವರದು ವೃಶ್ಚಿಕ.

ಪೊವಾಯಿ ತಮ್ಮ: ಸಿಂಹ ಆದರೇನು, ವೃಶ್ಚಿಕ ಆದರೇನು? ಎಲ್ಲ ಮೂಢನಂಬಿಕೆ. ಆಟಿ ಕಷಾಯ, ಮಳೆ ನಕ್ಷತ್ರ, ಪಂಚಾಂಗ ಎಲ್ಲ ಒಟ್ಟಿಗೆ ಕಟ್ಟಿ ಎಸೆಯಿರಿ.

ಡೊಂಬಿವಲಿ ದೊಡ್ಡಪ್ಪ: ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಇದನ್ನು ಹೇಳಿದವರು ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು ಮಾರಾಯ. ನೀನು ಏಸಿಯಲ್ಲಿ ಕೂತು ಎಸೆಯಿರಿ ಅಂತೀಯ.

ಪನ್ವೇಲ್ ಭಾವ: ನಮ್ಮ ಧಾರವಾಡದ ಕಡೆ ಈಗಲೂ ಮಿರಗ, ಅಂದರೆ ಮೃಗಶಿರ ಮಳೆ, ಕೂಡಿತೇ ಅಂತ ಕೇಳಿಯೇ ಬಿತ್ತಲು ಕೂರಿಗೆ ತೆಗೆಯುತ್ತಾರೆ. ಸೂರ್ಯ ಮೃಗಶಿರಕ್ಕೆ ಬರುವುದು ಜೂನ್ 8ರ ಸುಮಾರಿಗೆ. ಹವಾಮಾನ ಇಲಾಖೆ ಮುಂಬೈಗೆ ಮುಂಗಾರು ಬರುವ ಸಾಮಾನ್ಯ ದಿನ ಅಂತ ಇಟ್ಟಿರುವುದು ಜೂನ್ 11. ಎಷ್ಟು ಹತ್ತಿರ ಇದೆ ನೋಡಿ.

ಇಲ್ಲಿ ನನಗೆ ಉದ್ದ ಬರೆಯಬೇಕಾಯಿತು. ತಮ್ಮನ ಮಾತೂ ನನಗೆ ಒಪ್ಪಿಗೆ ಇರಲಿಲ್ಲ.

ನಾನು: ಭಾವ ಹೇಳಿದ್ದು ಸರಿ. ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅಷ್ಟಷ್ಟು ದಿನಕ್ಕೆ ಒಂದು ಹೆಸರು ಕೊಟ್ಟು, ಆ ಹೊತ್ತಿಗೆ ಮಳೆ ಹೇಗಿರುತ್ತದೆ ಅಂತ ತಲೆತಲಾಂತರದಿಂದ ನೋಡಿ ಗಾದೆ ಕಟ್ಟಿದರು. ತಮ್ಮಾ, ಇದು ಮೂಢನಂಬಿಕೆ ಅಲ್ಲ, ಕಣ್ಣಿಟ್ಟು ನೋಡಿದ ಲೆಕ್ಕ. ಆದರೆ ದೊಡ್ಡಪ್ಪ, ನಕ್ಷತ್ರ ಮಳೆ ತರುವುದಿಲ್ಲ, ಮಳೆ ಬರುವ ಹೊತ್ತನ್ನು ಹೇಳುತ್ತದೆ ಅಷ್ಟೆ. 2023ರಲ್ಲಿ ಮುಂಬೈಗೆ ಮುಂಗಾರು ಬಂದಿದ್ದು ಜೂನ್ 25ಕ್ಕೆ. ಆಗ ಆರಿದ್ರಾ ನಡೆಯುತ್ತಿತ್ತು, ಅವತ್ತೇ ದಿಲ್ಲಿಗೂ ಬಂತು. 2025ರಲ್ಲಿ ಮೇ 26ಕ್ಕೇ ಬಂತು, ಅದು ರೋಹಿಣಿಯಲ್ಲಿ. ಮೃಗಶಿರ ಎರಡು ಸಲವೂ ಹೊರಗೇ ಉಳಿಯಿತು. ಇನ್ನೂ ಒಂದು ವಿಷಯ ಇದೆ. ನಮ್ಮ ನಕ್ಷತ್ರದ ಲೆಕ್ಕ ಋತುವಿನಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಹಗಲು ಬೆಳೆಯಲು ಶುರುವಾಗುವುದು ಡಿಸೆಂಬರ್ 22ರ ಹೊತ್ತಿಗೆ, ನಾವು ಉತ್ತರಾಯಣ ಶುರು ಅಂತ ಎಳ್ಳು ಬೆಲ್ಲ ಹಂಚುವುದು ಜನವರಿ 14, 15ಕ್ಕೆ. ಈ ಜಾರುವಿಕೆಯನ್ನು ವರಾಹಮಿಹಿರನೇ ಬೃಹತ್ಸಂಹಿತೆಯಲ್ಲಿ ಗಮನಿಸಿದ್ದಾನೆ. ಹಳೆಯ ಶಾಸ್ತ್ರಗಳಲ್ಲಿ ಉತ್ತರಾಯಣ ಧನಿಷ್ಠೆಯಿಂದ ಶುರುವಾಗುತ್ತಿತ್ತು, ಈಗ ಮಕರದಿಂದ, ನೀವೇ ಕಣ್ಣಾರೆ ನೋಡಿ ಪರೀಕ್ಷಿಸಿ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಜ್ಯೋತಿಷ್ಯದ ಇಷ್ಟು ದೊಡ್ಡವನೇ ನೋಡಿ ಒಪ್ಪಿ ಅಂದಿದ್ದಾನೆ. ನಾವು ಯಾರು ಮಾಡಿದ್ದು ಅಂತಲೂ ಗೊತ್ತಿಲ್ಲದ ಒಂದು ಚಿತ್ರವನ್ನು ನೋಡದೆ ಒಪ್ಪುವುದಾ?

ಡೊಂಬಿವಲಿ ದೊಡ್ಡಪ್ಪ: ಮಳೆ ಬಿಡು ಮಗಳೇ. ನಕ್ಷತ್ರಕ್ಕೊಂದು ಮರ ಇರುವುದು ಸುಳ್ಳಾ? ದೇವಸ್ಥಾನಗಳಲ್ಲಿ ನಕ್ಷತ್ರವನ ಮಾಡಿದ್ದಾರೆ. ರೋಹಿಣಿಗೆ ನೇರಳೆ, ಭರಣಿಗೆ ನೆಲ್ಲಿ, ಕೃತ್ತಿಕೆಗೆ ಅತ್ತಿ. ಅವರವರ ಮರ ಅವರವರಿಗೆ ಮದ್ದು.

ನಾನು: ಅಶ್ವಿನಿಗೆ ಯಾವ ಮರ ದೊಡ್ಡಪ್ಪ?

ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಭಾವನೇ ಬರೆದರು.

ಪನ್ವೇಲ್ ಭಾವ: ಹೆಚ್ಚಿನ ಪಟ್ಟಿಗಳಲ್ಲಿ ಅಶ್ವಿನಿಗೆ ಕಾಸರಕ.

ನಾನು: ಕಾಸರಕದ ಬೀಜ, ತೊಗಟೆ ಎರಡರಲ್ಲೂ ಸ್ಟ್ರಿಕ್ನೀನ್ ಇದೆ. ಮೈ ಸೆಟೆದು ಉಸಿರು ಕಟ್ಟಿಸುವ ವಿಷ ಅದು. ಆಯುರ್ವೇದದಲ್ಲೂ ಅದನ್ನು ಶುದ್ಧಿ ಮಾಡದೆ ಬಳಸುವುದಿಲ್ಲ. ವಿಷವಿರುವ ಮೂಲಿಕೆಗಳ ಸರಕಾರಿ ಪಟ್ಟಿಯಲ್ಲೂ ಅದು ಇದೆ. ನಮ್ಮ ಮನೆಯಲ್ಲೇ ಅಶ್ವಿನಿಯಲ್ಲಿ ಹುಟ್ಟಿದ ಮಕ್ಕಳಿದ್ದಾರೆ. ಅವರ ನಕ್ಷತ್ರದ ಮರ ಅಂತ ಆ ತೊಗಟೆ ಕುದಿಸಿ ಕೊಡಲು ಆಗುತ್ತಾ? ನಕ್ಷತ್ರದ ಮರ ಇರುವುದು ನೆಡಲು, ನೀರೆರೆಯಲು, ಕಡಿಯದೆ ಕಾಪಾಡಲು. ಆ ಅರ್ಥದಲ್ಲಿ ಅದು ನನಗೂ ಬಹಳ ಇಷ್ಟ.

ಮುಲುಂಡ್ ಚಿಕ್ಕಮ್ಮ: ಅಯ್ಯೋ, ಪಾಲೆ ಕೆತ್ತೆಯ (ತೊಗಟೆಯ) ಕಥೆ ಏನು ಹಾಗಾದರೆ? ಈ ಸಲ ಊರಿಂದ ಯಾರೂ ಬರುವವರಿಲ್ಲ. ಮಾರ್ಕೆಟ್‌ನಲ್ಲಿ ಒಣಗಿದ ತುಂಡು ಪ್ಯಾಕೆಟ್ ಸಿಕ್ಕಿತು, ತಂದಿಟ್ಟಿದ್ದೇನೆ.

ನಾನು: ಚಿಕ್ಕಮ್ಮ, ಅದನ್ನು ಬಳಸಬೇಡಿ. ಒಣ ತೊಗಟೆ ನೋಡಿ ಮರ ಗುರುತಿಸುವುದು ನನ್ನಿಂದಲೂ ಆಗುವುದಿಲ್ಲ. ಕಹಿ ಇದೆ ಅಂತ ನಂಬಬೇಡಿ, ಕಾಸರಕವೂ ವಿಪರೀತ ಕಹಿ. ಮರವನ್ನು ಎಲೆಯ ಜೊತೆ ನೋಡಬೇಕು. ಪಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಐದರಿಂದ ಏಳು ಎಲೆ, ಛತ್ರಿಯ ಕಡ್ಡಿಗಳ ಹಾಗೆ ಹರಡಿರುತ್ತವೆ. ಎಲೆಯ ನಡುನರದಿಂದ ಎರಡೂ ಕಡೆ ಒತ್ತೊತ್ತಾಗಿ ಸಣ್ಣ ನರಗಳು ಹೊರಡುತ್ತವೆ. ತೊಟ್ಟು ಮುರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆ ಎದುರುಬದುರು ಜೋಡಿ, ಬುಡದಿಂದಲೇ ಮೂರರಿಂದ ಐದು ದಪ್ಪ ನರ, ಹಾಲು ಇಲ್ಲ, ಹಣ್ಣು ಕಿತ್ತಳೆ ಬಣ್ಣದ ದುಂಡನೆಯದು. ಹಾಗಂತ ಹಾಲು ಬಂದದ್ದೆಲ್ಲ ಪಾಲೆಯೂ ಅಲ್ಲ. ಹಳದಿ ಕಣಗಿಲೆಯಲ್ಲೂ ಹಾಲು ಬರುತ್ತದೆ, ಅದೂ ವಿಷ.

ಪೊವಾಯಿ ತಮ್ಮ: ನಮ್ಮ ಸೊಸೈಟಿ ಗೇಟ್ ಹತ್ತಿರ ಇರುವುದು ಈ ಪಾಲೆ ಮರವೇ ಅನಿಸುತ್ತೆ. ಮರಾಠಿಯಲ್ಲಿ ಸಾತ್ವಿಣ್ ಅಂತಾರೆ. ಅಕ್ಟೋಬರ್‌ನಲ್ಲಿ ರಾತ್ರಿ ಹೂವಿನ ವಾಸನೆ ತಡೆಯೋಕೆ ಆಗಲ್ಲ.

ನಾನು: ಅದೇ. ಮುಂಬೈ, ಪುಣೆಯ ರಸ್ತೆಗಳಲ್ಲಿ ಬೇಕಾದಷ್ಟಿವೆ. ಆದರೆ ರಸ್ತೆ ಬದಿಯ ಮರ ಕೆತ್ತಬೇಡ. ಹೊಗೆ, ಧೂಳು ಕುಡಿದ ತೊಗಟೆ ಅದು. ಸುತ್ತ ಕೆತ್ತಿದರೆ ಮರವೂ ಸಾಯುತ್ತದೆ.

ಮುಲುಂಡ್ ಚಿಕ್ಕಮ್ಮ: ಅಮ್ಮ ಇದ್ದಾಗ ಅಪ್ಪ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತರುತ್ತಿದ್ದರು. ಅಮ್ಮ ಅದನ್ನು ಅರೆದು ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕುತ್ತಿದ್ದರು. ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸಿದರೆ ಚುಯ್ ಅಂತ ಸದ್ದು. ಖಾಲಿ ಹೊಟ್ಟೆಗೆ ಸಣ್ಣ ಲೋಟ. ಆಮೇಲೆ ಮೆಂತೆ ಗಂಜಿ, ತೆಂಗಿನ ಹಾಲು, ಬೆಲ್ಲ. ವರ್ಷಕ್ಕೆ ಒಂದೇ ದಿನ.

ನಾನು: ಚಿಕ್ಕಮ್ಮ, ನಾನು ಹೇಳಬೇಕಿದ್ದುದು ನಿಮ್ಮ ಕೊನೆಯ ಮಾತಿನಲ್ಲೇ ಇದೆ. ವರ್ಷಕ್ಕೆ ಒಂದೇ ದಿನ, ಸಣ್ಣ ಲೋಟ. ಕಹಿ ತೊಗಟೆಗೆ ಹಿರಿಯರು ದಿನ ಗೊತ್ತು ಮಾಡಿದ್ದೇ ಅದಕ್ಕೆ ಮಿತಿ ಹಾಕಿದ ಹಾಗೆ. ಯಾವ ಮರ, ಯಾರು ತರಬೇಕು, ಎಷ್ಟು ಕುಡಿಯಬೇಕು, ಆಮೇಲೆ ಹೊಟ್ಟೆಗೆ ತಂಪಾಗಿ ಏನು ತಿನ್ನಬೇಕು, ಎಲ್ಲ ಅದರಲ್ಲೇ ಇತ್ತು. ಈ ಪಟ್ಟಿಯಲ್ಲಿ ಮರ ನೋಡಿದವರು ಯಾರೂ ಇಲ್ಲ, ಅಳತೆ ಇಲ್ಲ, ಒಂದು ದಿನದ ಬದಲು ಮಳೆಗಾಲ ಪೂರ್ತಿ ದಿನಾ ಕುಡಿಯಿರಿ ಅನ್ನುತ್ತದೆ. ನಮ್ಮ ಹಿರಿಯರ ಹೆಸರಿನಲ್ಲಿ ಇದನ್ನು ಹಂಚುವುದು ನೋಡಿದರೆ ನನಗೆ ಸಂಕಟ ಆಗುತ್ತದೆ.

ಪುಣೆ ಅತ್ತಿಗೆ: ನಮ್ಮ ಕೊಡಗಿನಲ್ಲೂ ಹಾಗೇ. ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ ಮದ್ದು ಸೊಪ್ಪು ಕುದಿಸಿ ಆ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತೇವೆ. ಮಾರನೆಯ ದಿನ ಮೂತ್ರ ಕೆಂಪಾದರೆ ಮಕ್ಕಳು ಹೆದರಬಾರದು ಅಂತ ಅಜ್ಜಿ ಮೊದಲೇ ಹೇಳುತ್ತಿದ್ದರು. ಯಾರಿಗೂ ರಾಶಿ ಕೇಳುತ್ತಿರಲಿಲ್ಲ, ಮನೆಗೆ ಬಂದವರಿಗೆಲ್ಲ ಪಾಯಸ.

ಡೊಂಬಿವಲಿ ದೊಡ್ಡಪ್ಪ: ಅಮೃತಬಳ್ಳಿಯಲ್ಲೂ ತಪ್ಪು ಹುಡುಕುತ್ತೀಯಾ? ಪಟ್ಟಿಯಲ್ಲಿ ನನಗೆ ಅದೇ ಬಂದಿರುವುದು. ಕೊರೊನಾದಲ್ಲಿ ಮುಂಬೈ ಪೂರ್ತಿ ಅದನ್ನೇ ಕುಡಿಯಿತು.

ನಾನು: ಕುಡಿಯಿತು ದೊಡ್ಡಪ್ಪ. 2021ರಲ್ಲಿ ಮುಂಬೈ ವೈದ್ಯರೇ ಅದನ್ನು ತೆಗೆದುಕೊಂಡ 6 ಜನರಲ್ಲಿ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ನೋಡಲು ಅದರ ಹಾಗೇ ಇರುವ ಬೇರೆ ಬಳ್ಳಿ ಇರಬಹುದು ಅಂದಿತು. ಯಾರ ಮಾತು ಹಿಡಿದರೂ ನಮಗೆ ಬರುವ ಬುದ್ಧಿ ಒಂದೇ. ಗುರುತು ತಪ್ಪಿದರೆ ಅಪಾಯ, ಅಳತೆ ಮೀರಿದರೂ ಅಪಾಯ. ಮೊದಲೇ ಲಿವರ್ ತೊಂದರೆ ಇದ್ದವರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಮೆಂತೆಯೂ ಅಷ್ಟೆ. ಗಂಜಿಯಲ್ಲಿ ಚೆನ್ನ. ಶುಗರ್ ಮಾತ್ರೆಯ ಜೊತೆ ದಿನಾ ಮೆಂತೆ ಪುಡಿ ನುಂಗಿದರೆ ಕೆಲವರಿಗೆ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರುತ್ತದೆ. ಡಾಕ್ಟರಿಗೆ ಹೇಳಿಯೇ ತೆಗೆದುಕೊಳ್ಳಿ. ಇನ್ನು ತಮ್ಮಾ, ನೀನು ನಿನ್ನೆ ಕುರ್ಲಾದಲ್ಲಿ ಮೊಣಕಾಲು ನೀರಿನಲ್ಲಿ ನಡೆದೆ ಅಂದೆಯಲ್ಲ, ಮಾತ್ರೆ ತಗೊಂಡೆಯಾ?

ಪೊವಾಯಿ ತಮ್ಮ: ಯಾವ ಮಾತ್ರೆ? ಮನೆಗೆ ಬಂದು ಶುಂಠಿ ಚಹಾ ಕುಡಿದೆ.

ನಾನು: ಇವತ್ತೇ ಡಾಕ್ಟರ ಹತ್ತಿರ ಹೋಗು. ಇಲಿ ಮೂತ್ರ ಸೇರಿದ ನೀರಿನಿಂದ ಲೆಪ್ಟೊ (ಇಲಿ ಜ್ವರ) ಬರುತ್ತದೆ. ಕಾಲಿನಲ್ಲಿ ಸಣ್ಣ ಗಾಯ ಇದ್ದರೂ ಸಾಕು. ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ತಡೆ ಮಾತ್ರೆ ಕೇಳಿ ಅಂತ ಮಹಾನಗರಪಾಲಿಕೆ ಮಳೆಗಾಲದಲ್ಲಿ ಹೇಳುತ್ತಲೇ ಇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ಮೇಲೆ ಈ ಊರಿನಲ್ಲಿ ಲೆಪ್ಟೊ ಹೇಗೆ ಹರಡಿತು ಅಂತ ದೊಡ್ಡಪ್ಪನಿಗೇ ಗೊತ್ತು. ಪಾಲೆ ಕೆತ್ತೆಯನ್ನು ಹಿಂದೆ ಮಲೇರಿಯಾ ಜ್ವರಕ್ಕೂ ಕೊಡುತ್ತಿದ್ದರು. ಈಗ ಮಳೆಗಾಲದ ಜ್ವರಕ್ಕೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಉಳಿದದ್ದು.

ದೊಡ್ಡಮ್ಮ: ಇಷ್ಟು ಹೊತ್ತು ಎಲ್ಲರೂ ನನ್ನ ಬಗ್ಗೆ ಮಾತಾಡಿದಿರಿ, ನನ್ನನ್ನು ಯಾರೂ ಕೇಳಲಿಲ್ಲ. ಮೊನ್ನೆಯಿಂದ ತಲೆ ಭಾರ. ಇವರಿಗೆ ಬೇಜಾರಾಗುತ್ತದೆ ಅಂತ ಸುಮ್ನೆ ಇದ್ದೆ. ಈಗ ಕೆಳಗಿನ ಮನೆಯ ನರ್ಸ್ ಬಂದು ನೋಡಿದಳು, ಬಿಪಿ 170/100. ಡಾಕ್ಟರ್ ಮಾತ್ರೆ ತಗೊಂಡು ಸಂಜೆ ಬನ್ನಿ ಅಂದಿದ್ದಾರೆ. ಮಾತ್ರೆ ನುಂಗಿದ್ದೇನೆ.

ನಾನು: ಒಳ್ಳೆಯದು ಮಾಡಿದಿರಿ ದೊಡ್ಡಮ್ಮ. ಅತಿಮಧುರ ಕುಡಿದದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ, ಪೊಟ್ಯಾಸಿಯಮ್ ಪರೀಕ್ಷೆ ಬೇಕಾ ಅಂತಲೂ ಕೇಳಿ. ನಾನು ಅಂಗಡಿ ಮುಗಿಸಿ ನೇರ ಅಲ್ಲಿಗೆ ಬರುತ್ತೇನೆ.

ಡೊಂಬಿವಲಿ ದೊಡ್ಡಪ್ಪ: ನನಗೆ ಹೇಳಬಾರದಿತ್ತಾ ಇವಳು. ನಾನು ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ. ಮಳೆ ನಕ್ಷತ್ರದ ಮಾತು ಮಾತ್ರ ನಾನು ಬಿಡುವುದಿಲ್ಲ, ಹೇಳಿದ್ದೇನೆ.

ನಾನು: ಬಿಡಬೇಡಿ ದೊಡ್ಡಪ್ಪ. ಮಕ್ಕಳಿಗೆ ನೀವೇ ಹೇಳಿಕೊಡಬೇಕು. ಆ ಪಟ್ಟಿಯನ್ನು ಇನ್ನೆಲ್ಲಿಗೆ ಕಳಿಸಿದ್ದೀರಿ?

ಡೊಂಬಿವಲಿ ದೊಡ್ಡಪ್ಪ: ಬಿಲ್ಡಿಂಗ್ ಗುಂಪಿಗೆ, ಬೆಳಗಿನ ವಾಕಿಂಗ್ ಗುಂಪಿಗೆ. ಹಾಕಿ ಮೂರ್ನಾಲ್ಕು ದಿನ ಆಯ್ತು. ಈಗ ಅಳಿಸಲು ನೋಡಿದರೆ ನನ್ನ ಫೋನಿನಲ್ಲಿ ಮಾತ್ರ ಹೋಗುತ್ತದೆ.

ನಾನು: ಹಾಗಾದರೆ ಅದರ ಕೆಳಗೇ ನಿಮ್ಮ ಮಾತಿನಲ್ಲಿ ಬರೆದು ಹಾಕಿ. ಎಲ್ಲರೂ ವಯಸ್ಸಾದವರು, ಬಿಪಿ, ಶುಗರ್ ಇರುವವರೇ ಜಾಸ್ತಿ.

ಡೊಂಬಿವಲಿ ದೊಡ್ಡಪ್ಪ: ಬರೆದಿದ್ದೇನೆ, ನೋಡಿ ಹೇಳು. 'ನಾನು ಹಾಕಿದ ರಾಶಿ ಕಷಾಯದ ಪಟ್ಟಿ ಪಾಲಿಸಬೇಡಿ. ನಮ್ಮ ಮನೆಯಲ್ಲೇ ಬಿಪಿ ಏರಿತು. ಮಾತ್ರೆ ನಿಲ್ಲಿಸಿದವರು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಆಟಿ ಕಷಾಯ ಬೇಕಾದವರು ಮರದ ಗುರುತು ಇರುವವರಿಂದ ತರಿಸಿ, ಒಂದು ದಿನ ಮಾತ್ರ ಕುಡಿಯಿರಿ.'

ನಾನು: ಇನ್ನೊಂದು ಸಾಲು ಸೇರಿಸಿ ದೊಡ್ಡಪ್ಪ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಕಷಾಯ ಬೇಡ, ಗಂಜಿ ಸಾಕು ಅಂತ. ಮರಾಠಿಯಲ್ಲೂ ಹಾಕಿ, ವಾಕಿಂಗ್ ಗುಂಪಿನಲ್ಲಿ ಕನ್ನಡ ಓದುವವರು ಕಡಿಮೆ ಅಲ್ವಾ?

ಡೊಂಬಿವಲಿ ದೊಡ್ಡಪ್ಪ: ಎರಡರಲ್ಲೂ ಹಾಕಿದೆ. ಒಬ್ಬರು ಆಗಲೇ ಫೋನ್ ಮಾಡಿದರು, ಅವರ ಹೆಂಡತಿ ಶುಗರ್ ಮಾತ್ರೆ ಬಿಟ್ಟಿದ್ದಾರಂತೆ. ನಿನ್ನ ನಂಬರ್ ಕೊಡಲಾ?

ನಾನು: ಕೊಡಿ. ಆದರೆ ಮೊದಲು ಅವರ ಡಾಕ್ಟರಿಗೆ ಫೋನ್ ಮಾಡಲು ಹೇಳಿ.