ಶಿವಮೊಗ್ಗದಲ್ಲಿ ಕೈಗೆಟಕುವ ದರದ ಟೆನಿಸ್ ಅಂಕಣ ಹುಡುಕುವುದು ಹೇಗೆ?

ಪ್ರಶ್ನೆ: ವಿನೋಬನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯಾಗಿ ಮೈಸೂರಿನಿಂದ ಶಿವಮೊಗ್ಗಕ್ಕೆ ಬಂದು ವಿನೋಬನಗರದಲ್ಲಿ ಮನೆ ಮಾಡಿದ್ದೇವೆ. ನಾನು ಕಾಲೇಜು ದಿನಗಳಿಂದ ಟೆನಿಸ್ ಆಡುತ್ತಾ ಬಂದವನು; ಹತ್ತು ವರ್ಷದ ಮಗಳಿಗೂ ಈಗ ಆಟದ ರುಚಿ ಹತ್ತಿದೆ. ಈ ಊರಿನಲ್ಲಿ ಷಟಲ್ ಆಡುವವರಿಗೆ ಒಳಾಂಗಣ ಅಂಕಣಗಳು ಸುಲಭವಾಗಿ ಸಿಗುತ್ತವೆ, ಕ್ರಿಕೆಟ್‌ಗೆ ಬಲೆ ಕಟ್ಟಿದ ಟರ್ಫ್‌ಗಳೂ ಇವೆ. ಆದರೆ ಟೆನಿಸ್ ಎಂದ ಕೂಡಲೇ ಎಲ್ಲರೂ ಕ್ಲಬ್ ಸದಸ್ಯತ್ವದ ಮಾತನ್ನೇ ಎತ್ತುತ್ತಾರೆ. ನಾನು ವಿಚಾರಿಸಿದ ಒಂದು ಕಡೆ ಹೇಳಿದ ಪ್ರವೇಶ ಶುಲ್ಕ ನನ್ನಂಥ ಸಂಬಳದಾರನ ಶಕ್ತಿಗೆ ಮೀರಿದ್ದಾಗಿತ್ತು. ಕೆಲವು ವರ್ಷಗಳಿಗೊಮ್ಮೆ ಊರು ಬದಲಿಸಬೇಕಾದವನು ಆಜೀವ ಸದಸ್ಯತ್ವ ಪಡೆಯುವುದರಲ್ಲಿ ಅರ್ಥವೂ ಇಲ್ಲ.

ನಮಗೆ ಬೇಕಾಗಿರುವುದು ವಾರದಲ್ಲಿ ಎರಡು ಮೂರು ದಿನ, ಬೆಳಿಗ್ಗೆ ಕಚೇರಿಗೂ ಶಾಲೆಗೂ ಮೊದಲು, ಒಂದು ಗಂಟೆಯ ಕಾಲ ಆಡಲು ನೆಲ ಸಮತಟ್ಟಾಗಿರುವ, ನೆಟ್ ನೆಟ್ಟಗಿರುವ ಒಂದು ಅಂಕಣ. ಗಂಟೆಯ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ ನ್ಯಾಯವಾದ ಹಣ ಕೊಡಲು ಸಿದ್ಧನಿದ್ದೇನೆ. ಎಲ್ಲಿ, ಯಾರನ್ನು ಕೇಳಬೇಕು? ಮಳೆಗಾಲದ ತಿಂಗಳುಗಳಲ್ಲಿ ಇಲ್ಲಿನ ಆಟಗಾರರು ಏನು ಮಾಡುತ್ತಾರೆ? ಮಗಳು ಇನ್ನೂ ಕಲಿಯುವ ಹಂತದಲ್ಲಿರುವುದರಿಂದ ಆಕೆಗೆ ಪೂರ್ಣ ಅಂಕಣವೇ ಬೇಕೇ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಭದ್ರಾವತಿಯ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ

ತಮ್ಮ ಪ್ರಶ್ನೆ ಈ ಜಿಲ್ಲೆಯ ಅನೇಕರ ಪ್ರಶ್ನೆಯೂ ಹೌದು. ಟೆನಿಸ್ ಏಕೆ ದುಬಾರಿಯಾಗಿದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಅಗ್ಗವಾಗಿ ಎಲ್ಲಿ ಸಿಗಬಹುದು ಎಂಬುದು ತಾನಾಗಿ ಹೊಳೆಯುತ್ತದೆ. ಅಂಕಣದ ಗೆರೆಗಳ ಒಳಗಿನ ಅಳತೆ 78 ಅಡಿ ಉದ್ದ ಮತ್ತು ಡಬಲ್ಸ್‌ಗೆ 36 ಅಡಿ ಅಗಲ. ಆದರೆ ಹಿಂದೆ ಸರಿದು ಚೆಂಡನ್ನು ಎತ್ತಲು, ಪಕ್ಕಕ್ಕೆ ಓಡಲು ಜಾಗ ಬಿಟ್ಟರೆ ಒಟ್ಟು 120 ಅಡಿಗೆ 60 ಅಡಿ ಬೇಕಾಗುತ್ತದೆ. ಅಂದರೆ 7,200 ಚದರ ಅಡಿ, ನಮ್ಮ ಲೆಕ್ಕದಲ್ಲಿ ಆರೂವರೆ ಗುಂಟೆಗಿಂತ ತುಸು ಹೆಚ್ಚು, ಮೂವತ್ತು ನಲವತ್ತರ ಆರು ನಿವೇಶನಗಳಷ್ಟು ಜಾಗ. ಅಷ್ಟೇ ಜಾಗದಲ್ಲಿ ನಾಲ್ಕೈದು ಷಟಲ್ ಅಂಕಣಗಳನ್ನು ಮಾಡಿ ಇಡೀ ದಿನ ಬಾಡಿಗೆಗೆ ಕೊಡಬಹುದಾದಾಗ, ನಗರದೊಳಗೆ ನಿವೇಶನ ಕೊಂಡು ಟೆನಿಸ್ ಅಂಕಣ ಕಟ್ಟಿಸಿ ಕಡಿಮೆ ದರಕ್ಕೆ ಬಿಡಿ ಎಂದು ಯಾವ ಖಾಸಗಿಯವರನ್ನೂ ಕೇಳಲಾಗದು. ಆದ್ದರಿಂದ ಕಡಿಮೆ ಖರ್ಚಿನ ಟೆನಿಸ್ ಸಿಗಬೇಕಾದರೆ ಅದು ಜಾಗ ಮೊದಲೇ ಇರುವ ಸಂಸ್ಥೆಗಳಲ್ಲಿಯೇ: ಸರ್ಕಾರಿ ಕ್ರೀಡಾಂಗಣ, ಕಾಲೇಜು, ವಿಶ್ವವಿದ್ಯಾಲಯ, ಕಾರ್ಖಾನೆಯ ವಸತಿ ಬಡಾವಣೆ, ಹಳೆಯ ಅಧಿಕಾರಿಗಳ ಕ್ಲಬ್.

ತಾವು ಮೊದಲು ಹೋಗಬೇಕಾದದ್ದು ನೆಹರೂ ಕ್ರೀಡಾಂಗಣದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ. ಜಿಲ್ಲೆಯ ಸಾರ್ವಜನಿಕ ಕ್ರೀಡಾ ಸೌಲಭ್ಯಗಳ ಬಳಕೆಯ ಸಮಯ, ಶುಲ್ಕ ಹಾಗೂ ಬೇಸಿಗೆ ಶಿಬಿರಗಳ ವಿವರ ಅಲ್ಲಿ ಸಿಗಬೇಕು. ದೂರವಾಣಿಯಲ್ಲಿ ಕೇಳುವುದಕ್ಕಿಂತ ಖುದ್ದಾಗಿ ಹೋಗಿ, ಅಂಕಣವನ್ನು ನೋಡಿಕೊಳ್ಳುವ ಸಿಬ್ಬಂದಿಯೊಂದಿಗೆ ಮಾತನಾಡುವುದು ಉತ್ತಮ, ಏಕೆಂದರೆ ಯಾವ ಹೊತ್ತಿನಲ್ಲಿ ಯಾರು ಆಡುತ್ತಾರೆ, ಯಾವ ಹೊತ್ತು ಖಾಲಿ ಇರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ.

ಎರಡನೆಯದು ಕಾಲೇಜುಗಳು. ನಗರದ ಸುತ್ತಲಿನ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಕಾಲೇಜುಗಳ ಆವರಣಗಳು ವಿಶಾಲವಾಗಿವೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಆದರೆ ದಿನನಿತ್ಯ ಬೆಳಿಗ್ಗೆ ಹೋಗಿಬರಲು ಅದು ತಮಗೆ ದೂರವಾದೀತು. ಇಂಥ ಕಡೆ ಪ್ರಾಂಶುಪಾಲರ ಕೊಠಡಿಗೆ ನೇರವಾಗಿ ಹೋಗುವ ಮೊದಲು ದೈಹಿಕ ಶಿಕ್ಷಣ ನಿರ್ದೇಶಕರನ್ನು ಭೇಟಿಯಾಗಿ. ಅಂಕಣವಿದ್ದರೂ ಆಡುವವರಿಲ್ಲದೆ ಹುಲ್ಲು ಬೆಳೆಯುವುದನ್ನು ನೋಡಿ ಬೇಸತ್ತವರು ನಮ್ಮ ವೃತ್ತಿಯಲ್ಲಿ ಬಹಳ ಮಂದಿ ಇದ್ದಾರೆ. ಹೊರಗಿನವರು ಬಂದು ಆಡಿದರೆ ವಿದ್ಯಾರ್ಥಿಗಳೂ ಬಂದಾರು ಎಂಬ ಆಸೆ ಅವರಿಗಿರುತ್ತದೆ.

ಒಬ್ಬರೇ ಹೋಗಿ ಕೇಳಬೇಡಿ. ಒಬ್ಬರಿಗಾಗಿ ಗೇಟು ತೆರೆಯುವುದು ಸಂಸ್ಥೆಗೆ ಹೊರೆ. ಎಂಟು ಹತ್ತು ಮಂದಿಯ ಗುಂಪು ನಿಗದಿತ ಹೊತ್ತಿಗೆ ಬಂದು, ತಿಂಗಳ ಹಣವನ್ನು ಒಟ್ಟಾಗಿ ಕಟ್ಟಿ, ನೆಟ್ ಮತ್ತು ಗೆರೆಗಳ ಉಸ್ತುವಾರಿಯನ್ನೂ ತಾನೇ ವಹಿಸಿಕೊಳ್ಳುತ್ತದೆ ಎಂದರೆ ಆಡಳಿತ ಮಂಡಳಿಯವರು ಕಿವಿಗೊಡುತ್ತಾರೆ.

ಉತ್ತರ: ನವುಲೆಯ ಸಿವಿಲ್ ಎಂಜಿನಿಯರಿಂಗ್ ಉಪನ್ಯಾಸಕ

ಹಿರಿಯರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಹಣ ಕಟ್ಟುವ ಮೊದಲು ನೆಲವನ್ನು ಪರೀಕ್ಷಿಸಿ ಎಂಬುದಷ್ಟೇ ನನ್ನ ಸೇರ್ಪಡೆ. ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ನಗರ ಮಲೆನಾಡಿನ ಹೆಬ್ಬಾಗಿಲಲ್ಲಿ, ಘಟ್ಟದ ನೆತ್ತಿಯಿಂದ ದೂರದಲ್ಲಿರುವುದರಿಂದ ಇಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು ಮಾತ್ರ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಅಂಕಣವನ್ನು ನೆಚ್ಚಿಕೊಳ್ಳಲಾಗದು. ಮಣ್ಣಿನ ಅಂಕಣದ ಗುಣಗಳು ನನಗೆ ಬಹಳ ಪ್ರಿಯವಾದವು. ಅಲ್ಲಿ ಚೆಂಡು ನಿಧಾನವಾಗಿ ಮೇಲೇಳುತ್ತದೆ, ಮಂಡಿಗೆ ಪೆಟ್ಟು ಕಡಿಮೆ, ನಿರ್ಮಾಣದ ವೆಚ್ಚವೂ ಕಡಿಮೆ. ದಕ್ಷಿಣ ಭಾರತದಲ್ಲಿ ಹಿಂದೆ ಇಂಥ ಅಂಕಣಗಳನ್ನು ಮನೆಯಂಗಳದಂತೆಯೇ ಸಗಣಿ ಸಾರಿಸಿ ಗಟ್ಟಿ ಮಾಡುತ್ತಿದ್ದುದುಂಟು. ಆದರೆ ಅದಕ್ಕೆ ನಿತ್ಯವೂ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವ ಕೈಗಳು ಬೇಕು. ಮಳೆಗಾಲ ಮುಗಿದ ಮೇಲೆ ಹೊಸ ಮಣ್ಣು ಹರಡಿ ಮತ್ತೆ ಕೂರಿಸಬೇಕು. ಗುಂಪಾಗಿ ಕೇಳಲು ಹೋದಾಗ ಅಕ್ಟೋಬರ್ ತಿಂಗಳ ಈ ಖರ್ಚಿನಲ್ಲಿ ಒಂದು ಪಾಲು ಕೊಡುತ್ತೇವೆ ಎಂದು ಹೇಳಿದರೆ ತಿಂಗಳ ಶುಲ್ಕದಲ್ಲಿ ರಿಯಾಯಿತಿ ಕೇಳುವುದು ಸುಲಭವಾಗುತ್ತದೆ.

ಹಾರ್ಡ್ ಕೋರ್ಟ್ ಎಂದರೆ ಡಾಂಬರು ಅಥವಾ ಕಾಂಕ್ರೀಟಿನ ತಳದ ಮೇಲೆ ಅಕ್ರಿಲಿಕ್ ಬಣ್ಣದ ಪದರಗಳನ್ನು ಎಳೆದದ್ದು. ಅದಕ್ಕೆ ಪ್ರತಿ ಹತ್ತು ಅಡಿಗೆ ಒಂದು ಇಂಚಿನಷ್ಟು ಇಳಿಜಾರು, ಇಡೀ ಅಂಕಣಕ್ಕೆ ಒಂದೇ ದಿಕ್ಕಿನಲ್ಲಿ ಇರಬೇಕು. ಮಳೆ ನಿಂತು ಒಂದು ಗಂಟೆ ಬಿಸಿಲು ಬಿದ್ದ ಮೇಲೆ ಹೋಗಿ ನೋಡಿ; ಆಗಲೂ ಗುಂಡಿಗಳಲ್ಲಿ ನೀರು ನಿಂತಿದ್ದರೆ ಆ ಅಂಕಣದಲ್ಲಿ ಮಳೆಗಾಲದ ಬಹುಪಾಲು ದಿನಗಳು ವ್ಯರ್ಥವಾಗುತ್ತವೆ. ಮರಗಳ ನೆರಳಿನಲ್ಲಿರುವ ಅಂಕಣದ ಮೂಲೆಗಳನ್ನು ಇನ್ನಷ್ಟು ಎಚ್ಚರಿಕೆಯಿಂದ ನೋಡಬೇಕು. ನಮ್ಮ ಹವೆಯಲ್ಲಿ ಅಲ್ಲಿ ಪಾಚಿ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಓಡುವ ಕಾಲು ಜಾರುತ್ತದೆ, ಮಕ್ಕಳ ವಿಷಯದಲ್ಲಂತೂ ಇದನ್ನು ಕಡೆಗಣಿಸಲೇಬಾರದು.

ಉತ್ತರ: ತೀರ್ಥಹಳ್ಳಿಯ ಗೃಹಿಣಿ

ತಮ್ಮ ಮಗಳ ವಿಷಯವಾಗಿ ಮಾತ್ರ ನಾಲ್ಕು ಮಾತು ಬರೆಯುತ್ತೇನೆ. ನನ್ನ ಮಗ ಮತ್ತು ಅವನ ಗೆಳೆಯರು ಟೆನಿಸ್ ಕಲಿತದ್ದು ಅಂಕಣದಲ್ಲಿ ಅಲ್ಲ, ನಮ್ಮ ಮನೆಯ ಮುಂದಿನ ಸಿಮೆಂಟಿನ ಅಡಿಕೆ ಅಂಗಳದಲ್ಲಿ. ಕೊನೆಕೊಯ್ಲು ಮುಗಿದು, ಒಣಗಿದ ಅಡಿಕೆ ಮಂಡಿಗೆ ಹೋದ ಮೇಲೆ ಮಳೆ ಹಿಡಿಯುವವರೆಗೆ ಆ ಅಂಗಳ ಖಾಲಿಯೇ ಇರುತ್ತದೆ.

ಇದು ಬಡತನದ ಉಪಾಯವಲ್ಲ ಎಂಬುದನ್ನು ತಾವು ಗಮನಿಸಬೇಕು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನೇ ಮಕ್ಕಳಿಗೆ ಚಿಕ್ಕ ಅಂಕಣವನ್ನೂ ನಿಧಾನಗತಿಯ ಚೆಂಡನ್ನೂ ಸೂಚಿಸಿದೆ, ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನವರ ಸ್ಪರ್ಧೆಗಳಲ್ಲಿ ದೊಡ್ಡವರ ಹಳದಿ ಚೆಂಡನ್ನು ಬಳಸಕೂಡದೆಂದು 2012ರಿಂದ ನಿಯಮವನ್ನೇ ಮಾಡಿದೆ. ಈ ನಿಧಾನಗತಿಯ ಚೆಂಡುಗಳನ್ನು ಬಣ್ಣದಿಂದ ಗುರುತಿಸುತ್ತಾರೆ. ಕೆಂಪು ಚೆಂಡಿಗೆ 36 ಅಡಿ ಉದ್ದದ ಅಂಕಣ ಸಾಕು, ನೆಟ್ ಎತ್ತರ 80 ಸೆಂಟಿಮೀಟರ್. ಕಿತ್ತಳೆ ಚೆಂಡಿಗೆ 60 ಅಡಿ. ಹಸಿರು ಚೆಂಡಿನ ಹೊತ್ತಿಗೆ ಪೂರ್ಣ ಅಂಕಣ. ಹಸಿರು ಚೆಂಡು ಸಾಮಾನ್ಯ ಚೆಂಡಿಗಿಂತ ಕಾಲುಭಾಗದಷ್ಟು ನಿಧಾನ, ಕಿತ್ತಳೆಯದು ಅರ್ಧದಷ್ಟು. ತಮ್ಮ ಮಗಳ ವಯಸ್ಸಿಗೆ, ಆಟ ಹೊಸದಾಗಿದ್ದರೆ, ಕಿತ್ತಳೆಯಿಂದ ತೊಡಗಿ ಹಸಿರಿಗೆ ಹೋಗುವುದು ಸರಿ. ತಲೆಯ ಮೇಲೆ ಹಾರಿಹೋಗುವ ಚೆಂಡಿನ ಹಿಂದೆ ಓಡಿ ಸೋಲುವ ಮಗು ಆಟವನ್ನೇ ಬಿಡುತ್ತದೆ. ಸೊಂಟದ ಎತ್ತರಕ್ಕೆ ಬರುವ ಚೆಂಡನ್ನು ಪೂರ್ತಿ ಕೈಬೀಸಿ ಹೊಡೆಯಲು ಕಲಿತ ಮಗು ಆಟವನ್ನು ಪ್ರೀತಿಸುತ್ತದೆ.

ನಗರದಲ್ಲಿ ಅಡಿಕೆ ಅಂಗಳ ಸಿಗದು, ನಿಜ. ಆದರೆ ಶಾಲೆಯ ಪ್ರಾರ್ಥನಾ ಅಂಗಳ ರವಿವಾರ ಖಾಲಿ ಇರುತ್ತದೆ, ಸಮುದಾಯ ಭವನದ ಹಿಂದೆ ಸಿಮೆಂಟು ನೆಲವಿರುತ್ತದೆ. ಒಂದು ಗೋಡೆ ಸಿಕ್ಕಿದರಂತೂ ಬಹಳ ಒಳ್ಳೆಯದು. ಟೆನಿಸ್ ನೆಟ್ ಮಧ್ಯದಲ್ಲಿ ಮೂರು ಅಡಿ ಎತ್ತರವಿರುವುದರಿಂದ ಗೋಡೆಯ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯ ಮೇಲೆ ಸತತವಾಗಿ ಹೊಡೆಯಲು ಹೇಳಿ. ಜೊತೆಗಾರರು ಬಾರದ ದಿನವೂ ಅಭ್ಯಾಸ ತಪ್ಪುವುದಿಲ್ಲ.

ಕೊಡಗಿನ ರೋಹನ್ ಬೋಪಣ್ಣ ಅವರು ರಾಕೆಟ್ ಹಿಡಿದದ್ದು ಹನ್ನೊಂದರ ವಯಸ್ಸಿನಲ್ಲಿ. 2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಹತ್ತು ವರ್ಷವೆಂದರೆ ತಡವಾಯಿತೆಂದು ಯಾರಾದರೂ ಹೇಳಿದರೆ ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಉತ್ತರ: ಗೋಪಾಳದ ಆಟಗಾರ

ಭದ್ರಾವತಿಯ ಸರ್ ಅವರ ಒಂದು ಮಾತಿಗೆ ಸ್ವಲ್ಪ ತಿದ್ದುಪಡಿ ಸೂಚಿಸಲು ಅನುಮತಿ ಬೇಡುತ್ತೇನೆ. ತಿಂಗಳ ಹಣವನ್ನು ಒಟ್ಟಾಗಿ ಕಟ್ಟುವ ಏರ್ಪಾಡು ನವೆಂಬರ್‌ನಿಂದ ಮೇವರೆಗೆ ಸರಿಯಾದದ್ದು. ಮಳೆಗಾಲದಲ್ಲಿ ಮಾತ್ರ ಗಂಟೆಯ ಲೆಕ್ಕವನ್ನೇ ಕೇಳಿ, ಇಲ್ಲವಾದರೆ ಆಡದ ದಿನಗಳಿಗೂ ಹಣ ತೆತ್ತಂತಾಗುತ್ತದೆ.

ಗಂಟೆಗೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ಇಬ್ಬರು ಆಡಿದರೆ ತಲಾ 100, ನಾಲ್ವರು ಡಬಲ್ಸ್ ಆಡಿದರೆ ತಲಾ 50. ಡಬಲ್ಸ್‌ಗೆ ಜೊತೆಗಾರರನ್ನು ಹುಡುಕುವುದೇ ಅತಿ ದೊಡ್ಡ ಉಳಿತಾಯ. ಬೆಳಿಗ್ಗೆ ಆಡಿದರೆ ದೀಪದ ಖರ್ಚೂ ಇಲ್ಲ. ಸಂಜೆಯ ಹೊತ್ತಿಗೆ ಕೆಲವು ಕಡೆ ವಿದ್ಯುತ್ತಿಗೆಂದು ಬೇರೆ ಹಣ ಕೇಳುತ್ತಾರೆ, ಮೊದಲೇ ವಿಚಾರಿಸಿಕೊಳ್ಳಿ.

ಅಂಕಣಕ್ಕಿಂತ ಚೆಂಡಿಗೇ ಹೆಚ್ಚು ಖರ್ಚಾಗುವುದೂ ಉಂಟು. ಡಬ್ಬಿ ತೆರೆದ ಕ್ಷಣದಿಂದ ಚೆಂಡಿನ ಒಳಗಿನ ಒತ್ತಡ ಇಳಿಯಲಾರಂಭಿಸಿ, ಕೆಲವೇ ವಾರಗಳಲ್ಲಿ ಪುಟಿತ ಕುಗ್ಗುತ್ತದೆ. ಒದ್ದೆ ನೆಲದಲ್ಲಿ ಆಡಿದರೆ ಮೇಲಿನ ಉಣ್ಣೆ ನೀರು ಕುಡಿದು ಭಾರವಾಗಿ ಮೊಣಕೈಗೆ ನೋವು ತರುತ್ತದೆ. ಅಭ್ಯಾಸಕ್ಕೆ ಒತ್ತಡರಹಿತ ಚೆಂಡುಗಳನ್ನು ಕೊಂಡರೆ ಅವು ಬಹುಕಾಲ ಬಾಳುತ್ತವೆ, ಹೊಡೆತ ಸ್ವಲ್ಪ ಗಡುಸು ಅಷ್ಟೆ. ಊರಿನ ಅಂಗಡಿಗಳಲ್ಲಿ ಕ್ರಿಕೆಟ್‌ಗೆಂದು ಮಾರುವ ಟೆನಿಸ್ ಬಾಲ್ ತರಬೇಡಿ. ಅದರ ತೂಕವೂ ಪುಟಿತವೂ ಈ ಆಟಕ್ಕೆ ಹೊಂದುವುದಿಲ್ಲ. ರಾಕೆಟ್‌ಗೆ ಗಟ್ (ಬಲೆಯ ತಂತಿ) ಕಟ್ಟಿಸುವಾಗಲೂ ಷಟಲ್ ರಾಕೆಟ್‌ಗೆ ಕಟ್ಟುವ ಎಲ್ಲರ ಬಳಿಯೂ ಟೆನಿಸ್‌ಗೆ ಬೇಕಾದ ಯಂತ್ರವಿರುವುದಿಲ್ಲ. ಷಟಲ್‌ಗೆ 25 ಪೌಂಡಿನ ಆಸುಪಾಸು ಸಾಕಾದರೆ ಟೆನಿಸ್‌ಗೆ ಸಾಮಾನ್ಯವಾಗಿ 50ರಿಂದ 60 ಪೌಂಡಿನ ಬಿಗಿ ಬೇಕು. ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಎರಡು ಮೂರು ರಾಕೆಟ್‌ಗಳನ್ನು ಒಟ್ಟಿಗೆ ಕಳಿಸುವುದು ನಮ್ಮ ಗುಂಪಿನ ರೂಢಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತೀರ್ಥಹಳ್ಳಿಯ ಮೇಡಂ ಅವರ ಮಾತನ್ನು ಮಗಳಿಗೆ ಓದಿ ಹೇಳಿದ್ದೇನೆ. ಕಿತ್ತಳೆ ಚೆಂಡುಗಳನ್ನು ತರಿಸುತ್ತೇನೆ. ನಮ್ಮ ಕಚೇರಿಯಲ್ಲಿ ಇಬ್ಬರು, ನೆರೆಯಲ್ಲಿ ಒಬ್ಬರು ವೈದ್ಯರು ಆಡಲು ಆಸಕ್ತರಿದ್ದಾರೆ. ಗೋಪಾಳದವರ ಗುಂಪೂ ಸೇರಿದರೆ ಒಂದು ಮನವಿ ಸಲ್ಲಿಸಬಹುದು. ಅದರಲ್ಲಿ ಏನೇನು ಇರಬೇಕು ಎಂಬುದನ್ನು ಭದ್ರಾವತಿಯ ಸರ್ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಭದ್ರಾವತಿಯ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ

ಮಳೆಗಾಲದ ಶುಲ್ಕದ ಬಗ್ಗೆ ಗೋಪಾಳದವರು ಹೇಳಿದ್ದು ಸರಿಯಾಗಿದೆ, ಮನವಿಯಲ್ಲಿ ಅದನ್ನೇ ಬರೆಯಿರಿ. ಒಂದು ಪುಟ ಮೀರಬಾರದು. ಆಡುವವರ ಹೆಸರು, ವೃತ್ತಿ, ವಿಳಾಸ ಮತ್ತು ಸಹಿ. ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ. ಕೊಡಲು ಸಿದ್ಧವಿರುವ ಮೊತ್ತ. ಸಂಸ್ಥೆಯ ಪರೀಕ್ಷೆ, ಪಂದ್ಯಾವಳಿ, ಕಾರ್ಯಕ್ರಮಗಳಿದ್ದಾಗ ಅಂಕಣ ಬಿಟ್ಟುಕೊಡುತ್ತೇವೆ ಎಂಬ ಒಪ್ಪಿಗೆ. ಆಟದಲ್ಲಿ ಪೆಟ್ಟಾದರೆ ಹೊಣೆ ನಮ್ಮದೇ ಎಂಬ ಹೇಳಿಕೆ. ಈ ಕೊನೆಯದನ್ನು ಬರೆಯದಿದ್ದರೆ ಆಡಳಿತದವರು ಹಿಂಜರಿಯುವುದು ಸಹಜ. ಸಂಸ್ಥೆಯ ಮಕ್ಕಳು ಬಂದರೆ ವಾರಕ್ಕೊಂದು ದಿನ ನಮ್ಮೊಂದಿಗೆ ಆಡಿಸುತ್ತೇವೆ ಎಂದು ಒಂದು ಸಾಲು ಸೇರಿಸಿ, ಮತ್ತು ಅದನ್ನು ನಡೆಸಿಕೊಡಿ. ಅಂಕಣ ಉಳಿಯುವುದು ಆ ಮಕ್ಕಳಿಂದಲೇ. ಮಗಳು ಮುಂದೆ ಸ್ಪರ್ಧೆಗೆ ಇಳಿಯುವ ಹಂತಕ್ಕೆ ಬಂದಾಗ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯನ್ನು ಸಂಪರ್ಕಿಸಿದರೆ ಕಿರಿಯರ ಪಂದ್ಯಾವಳಿಗಳ ವಿವರ ತಿಳಿಯುತ್ತದೆ.

ಮನವಿಯ ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬೇಸಿಗೆ ರಜೆ ಶುರುವಾಗುವ ಮೊದಲೇ ಸಲ್ಲಿಸಿ, ರಜೆಯಲ್ಲಿ ಅಂಕಣಗಳು ಖಾಲಿ ಇರುವುದರಿಂದ ಆಗಲೇ ಒಪ್ಪಿಗೆ ಸಿಗುವ ಸಂಭವ ಹೆಚ್ಚು.