ಅಮೆರಿಕದಲ್ಲಿ ಜಿಂಕೆ ಶಿಕಾರಿ: .308 ರೈಫಲ್‌ಗೆ ಯಾವ ಗುಂಡು ತೆಗೆದುಕೊಳ್ಳಲಿ?

ಸೋಂದಾ ಹುಡುಗ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮೂರ ಕಾಡಿನ ವಿಷಯ ಅಲ್ಲ. ನಾನು ಕೆಲಸದ ಮೇಲೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಚೌತಿ ಹಬ್ಬಕ್ಕೆ ಅಂತ ಶಿರಸಿಗೆ ಬಂದವನು ಇನ್ನೂ ಮನೆಯಲ್ಲೇ ಇದ್ದೇನೆ, ಹೊರಗೆ ಮಳೆ ಬಿಡುತ್ತಿಲ್ಲ, ಹಾಗಾಗಿ ಕೂತು ಓದುತ್ತಿದ್ದೇನೆ. ಅಲ್ಲಿ ನವೆಂಬರ್‌ನಲ್ಲಿ ಒಂಬತ್ತು ದಿನ ಬಂದೂಕಿನ ಜಿಂಕೆ ಸೀಸನ್ ಇರುತ್ತದೆ. ಈ ಸಲ ಆಫೀಸಿನ ಗೆಳೆಯ ತನ್ನ ಮಾವನ ಜಮೀನಿಗೆ ಕರೆದಿದ್ದಾನೆ. ರೈಫಲ್ ಅವನೇ ಕೊಡುತ್ತಾನೆ, .308 ವಿಂಚೆಸ್ಟರ್. ಗುಂಡು ಮಾತ್ರ ನಿನಗೆ ಬೇಕಾದ್ದು ತಗೋ ಅಂದ.

ಅಂಗಡಿಯ ವೆಬ್‌ಸೈಟ್ ನೋಡಿದರೆ ತಲೆ ಕೆಡುತ್ತದೆ. ರೆಮಿಂಗ್ಟನ್ ಕೋರ್-ಲಾಕ್ಟ್, ನಾಸ್ಲರ್ ಪಾರ್ಟಿಷನ್, ಹಾರ್ನಡಿ ಎಸ್‌ಎಸ್‌ಟಿ, ಬಾರ್ನ್ಸ್ ಟಿಟಿಎಸ್‌ಎಕ್ಸ್, ಅದರ ಮೇಲೆ 150, 165, 180 ಗ್ರೇನ್ ಅಂತ ತೂಕಗಳು. ಇದೆಲ್ಲಕ್ಕಿಂತ ಎಷ್ಟೋ ಅಗ್ಗಕ್ಕೆ ಪೂರ್ತಿ ಲೋಹದ ಜಾಕೆಟ್ (ಹೊದಿಕೆ) ಇರುವ ಮಿಲಿಟರಿ ತರಹದ ಗುಂಡೂ ಸಿಗುತ್ತದೆ. ಕಾಡು ದಟ್ಟ, 150 ಗಜಕ್ಕಿಂತ ದೂರ ಕಾಣುವುದೇ ಕಷ್ಟ ಅಂತೆ. ಮಾಂಸ ಮನೆಗೆ ತರುತ್ತೇವೆ, ಮಗಳಿಗೆ ನಾಲ್ಕು ವರ್ಷ, ಅವಳೂ ತಿನ್ನುತ್ತಾಳೆ. ಪ್ರಾಣಿ ಒದ್ದಾಡಬಾರದು, ಅದು ನನಗೆ ಎಲ್ಲಕ್ಕಿಂತ ಮುಖ್ಯ. ಗೊತ್ತಿರುವವರು ಬಿಡಿಸಿ ಹೇಳಿ.

ಕುಮಟಾದಿಂದ ಮಿನೆಸೋಟಕ್ಕೆ

ತಮ್ಮಾ, ನಾನು ನಿನ್ನ ಪಕ್ಕದ ರಾಜ್ಯದಲ್ಲೇ ಇದ್ದೇನೆ, ಪ್ರತಿ ವರ್ಷ ಹೋಗುತ್ತೇನೆ. ರೈಫಲ್ ಬಗ್ಗೆ ಚಿಂತೆ ಬಿಡು. .308 ಬಂದಿದ್ದು 1952ರಲ್ಲಿ, ಆವತ್ತಿನಿಂದ ಬಿಳಿಬಾಲದ ಜಿಂಕೆಗೆ ಅದು ಸಾಕು ಅಂತ ಎಲ್ಲರಿಗೂ ಗೊತ್ತು. ಜನ ಕ್ಯಾಲಿಬರ್ ಬಗ್ಗೆ ರಾತ್ರಿಯಿಡೀ ಜಗಳ ಆಡುತ್ತಾರೆ, ಆದರೆ ನಿಜವಾಗಿ ಕೆಲಸ ಮಾಡುವುದು ಆ ಗುಂಡು ಒಳಗೆ ಹೋದ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು. ಅದನ್ನು ನೋಡಿ ಆರಿಸು.

ಎರಡು ಕೆಲಸ ಆಗಬೇಕು. ಗುಂಡು ಒಳಗೆ ಅರಳಬೇಕು, ಅಂದರೆ ಮೂತಿ ಬಿಚ್ಚಿಕೊಂಡು ಅಗಲ ಆಗಬೇಕು. ಅರಳಿದ ಮೇಲೂ ಎರಡು ಪುಪ್ಪುಸಗಳನ್ನು ದಾಟಿ ಆ ಕಡೆಯಿಂದ ಹೊರಗೆ ಹೋಗಬೇಕು. ಜಾಸ್ತಿ ಬೇಗ ಅರಳಿದರೆ ಭುಜದ ಮೂಳೆ ಹತ್ತಿರವೇ ಪುಡಿಯಾಗಿ ನಿಲ್ಲುತ್ತದೆ, ಅರಳದೇ ಹೋದರೆ ಸಣ್ಣ ತೂತು ಮಾಡಿ ಸುಮ್ನೆ ದಾಟಿ ಹೋಗುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಒಂದೊಂದು ಕಂಪನಿ ಒಂದೊಂದು ದಾರಿ ಹಿಡಿದಿದೆ, ಅಷ್ಟೇ.

ಕೋರ್-ಲಾಕ್ಟ್ 1939ರಿಂದ ಇದೆ. ಸೀಸದ ತಿರುಳು, ಮೇಲೆ ತಾಮ್ರದ ಜಾಕೆಟ್, ತುದಿಯಲ್ಲಿ ಸೀಸ ಬರಿದಾಗಿ ಕಾಣುತ್ತದೆ. ಅದಕ್ಕೇ ಸಾಫ್ಟ್ ಪಾಯಿಂಟ್ ಅನ್ನುವುದು. ಇದರಷ್ಟು ಜಿಂಕೆ ಹೊಡೆದ ಗುಂಡು ಬೇರೆ ಇರಲಿಕ್ಕಿಲ್ಲ, ಬೆಲೆಯೂ ಕಡಿಮೆ. ಪಾರ್ಟಿಷನ್ 1948ರಿಂದ ಮಾರಾಟದಲ್ಲಿದೆ. ಅದರ ನಡುವೆ ಜಾಕೆಟ್‌ನದೇ ಒಂದು ಗೋಡೆ ಇದೆ, ಮುಂದಿನ ಅರ್ಧ ಅರಳಿ ಹೋದರೂ ಹಿಂದಿನ ಅರ್ಧ ಗಟ್ಟಿಯಾಗಿ ಮುಂದೆ ನುಗ್ಗುತ್ತದೆ. ದೊಡ್ಡ ಮಿಕಕ್ಕೆ ಅದು ಬಹಳ ಒಳ್ಳೆಯದು, ಜಿಂಕೆಗೆ ಅಷ್ಟು ಬೇಕಂತೇನಿಲ್ಲ. ಎಸ್‌ಎಸ್‌ಟಿಯ ತುದಿಯಲ್ಲಿ ಪ್ಲಾಸ್ಟಿಕ್ ಮೂತಿ ಇರುತ್ತದೆ, ತಗಲಿದ ತಕ್ಷಣ ಅದು ಹಿಂದಕ್ಕೆ ನುಗ್ಗಿ ಗುಂಡನ್ನು ಬೇಗ ಬಿಚ್ಚಿಸುತ್ತದೆ. 200-300 ಗಜದ ಬಯಲಿಗೆ ಚೆನ್ನ. ನೀನು ಹೇಳುವ ದಟ್ಟ ಕಾಡಿನಲ್ಲಿ 30 ಗಜಕ್ಕೆ ಭುಜಕ್ಕೆ ಬಿದ್ದರೆ ಅರ್ಧ ಮುಂಗಾಲಿನ ಮಾಂಸ ರಕ್ತಗಟ್ಟಿ ಹಾಳಾಗುತ್ತದೆ. ಜಾಕೆಟ್‌ಗೆ ಸೀಸವನ್ನು ಬೆಸೆದ ಬಾಂಡೆಡ್ ಗುಂಡುಗಳೂ ಇವೆ, ಫೆಡರಲ್ ಫ್ಯೂಷನ್ ಅಂತ ನೋಡು. ಬೆಲೆ ಮಧ್ಯಮ, ಹತ್ತಿರಕ್ಕೂ ಚೂರಾಗುವುದು ಕಡಿಮೆ.

ತೂಕ 150 ಗ್ರೇನ್ ತಗೋ. ಅದು ಹೆಚ್ಚುಕಡಿಮೆ 9.7 ಗ್ರಾಂ. ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2800 ಅಡಿ ವೇಗ, 200 ಗಜ ದಾಟಿದರೂ ಅರಳುವುದಕ್ಕೆ ಬೇಕಾದಷ್ಟು ವೇಗ ಉಳಿದಿರುತ್ತದೆ. 165 ಕೂಡ ತಪ್ಪಲ್ಲ. 180 ಬೇಡ, ಸುಮ್ನೆ ಭುಜಕ್ಕೆ ಒದೆ ಜಾಸ್ತಿ.

ಕಾರವಾರ ಕಿನಾರೆ

ಮಿಲಿಟರಿ ಗುಂಡಿನ ಬಗ್ಗೆ ನಾನು ಹೇಳುತ್ತೇನೆ, ನೌಕಾಪಡೆಯಲ್ಲಿ ಆಯುಧಗಳ ಜೊತೆಗೇ ನೌಕರಿ ಮಾಡಿ ಈಗ ಕಾರವಾರದಲ್ಲೇ ನಿವೃತ್ತನಾಗಿ ಇದ್ದೇನೆ. ಅಗ್ಗ ಅಂತ ಅದನ್ನು ತೆಗೆದುಕೊಂಡು ಜಿಂಕೆಗೆ ಹೊಡೆಯಲೇಬೇಡಿ. ಪೂರ್ತಿ ಜಾಕೆಟ್ ಇರುವ ಗುಂಡು ಅರಳಬಾರದು ಅಂತಲೇ ಮಾಡಿದ್ದು. ಇದರ ಹಿಂದೆ ನಮ್ಮ ದೇಶದ ಕಥೆಯೇ ಇದೆ. 1890ರ ದಶಕದಲ್ಲಿ ಕಲ್ಕತ್ತಾ ಹತ್ತಿರದ ದಮ್ ದಮ್ ಶಸ್ತ್ರಾಗಾರದಲ್ಲಿ ಬ್ರಿಟಿಷರು .303 ಗುಂಡಿನ ತುದಿಯ ಜಾಕೆಟ್ ತೆಗೆದು, ದೇಹದೊಳಗೆ ಅರಳುವ ಹಾಗೆ ಮಾಡಿದರು. ಅದರ ಗಾಯ ಎಷ್ಟು ಭೀಕರ ಅಂದರೆ 1899ರ ಹೇಗ್ ಸಮ್ಮೇಳನದಲ್ಲಿ ಯುದ್ಧದಲ್ಲಿ ಅಂಥ ಗುಂಡು ಬಳಸುವಂತಿಲ್ಲ ಅಂತ ಘೋಷಣೆ ಆಯಿತು. ಹಾಗಾಗಿ ಇವತ್ತಿಗೂ ಸೈನ್ಯದ ರೈಫಲ್ ಗುಂಡು ಅಂದರೆ ಸಾಮಾನ್ಯವಾಗಿ ಪೂರ್ತಿ ಜಾಕೆಟ್.

ಶಿಕಾರಿಯಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಅರಳುವ ಗುಂಡೇ ದಯೆ, ಏಕೆಂದರೆ ಪ್ರಾಣಿ ಬೇಗ ಸಾಯುತ್ತದೆ. ಅರಳದ ಗುಂಡು ತಗಲಿದ ಜಿಂಕೆ ಮೈಲಿಗಟ್ಟಲೆ ಓಡಿ ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳಬಹುದು. ಅಮೆರಿಕದ ಬಹಳ ರಾಜ್ಯಗಳಲ್ಲಿ ಜಿಂಕೆಗೆ ಅದನ್ನು ಬಳಸುವುದು ಕಾನೂನುಬಾಹಿರವೂ ಹೌದು.

ಅದನ್ನು ತರುವುದಾದರೆ ರೇಂಜ್‌ನಲ್ಲಿ ಕೈ ಪಳಗಿಸಲು ಮಾತ್ರ. ಒಂದು ವಿಷಯ ಮರೆಯಬೇಡಿ, ಒಂದೇ ರೈಫಲ್, ಒಂದೇ ತೂಕ ಆದರೂ ಬೇರೆ ಬೇರೆ ಗುಂಡು ಬೇರೆ ಬೇರೆ ಕಡೆ ಬೀಳುತ್ತದೆ. 100 ಗಜಕ್ಕೆ ಎರಡು ಮೂರು ಇಂಚು ವ್ಯತ್ಯಾಸ ಬಂದರೆ ಆಶ್ಚರ್ಯ ಇಲ್ಲ. ಕೊನೆಗೆ ಸ್ಕೋಪಿನ ಗುರಿ ಕೂರಿಸುವುದು ಶಿಕಾರಿಗೆ ಒಯ್ಯುವ ಗುಂಡಿನಲ್ಲೇ ಆಗಬೇಕು, ಹಾಗಾಗಿ ಒಂದೇ ಲಾಟಿನ (ಒಟ್ಟಿಗೆ ತಯಾರಾದ) ಪೆಟ್ಟಿಗೆಗಳನ್ನು ಒಟ್ಟಿಗೆ ಕೊಂಡುಬಿಡಿ.

ಯಲ್ಲಾಪುರ ತೋಟಿಗ

ನೀವೆಲ್ಲ ಗುಂಡಿನ ವಿಷಯ ಚೆನ್ನಾಗಿ ಹೇಳಿದಿರಿ. ನನಗೆ ರೈಫಲ್ ಗೊತ್ತಿಲ್ಲ, ಬೆಳೆ ರಕ್ಷಣೆ ಲೈಸನ್ಸಿನ ಕೋವಿ ಅಷ್ಟೇ ಗೊತ್ತು. ಅದನ್ನೂ ಚುನಾವಣೆ ಬಂದರೆ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತೇವೆ. ಆದರೂ ಒಂದು ಮಾತು ಇಲ್ಲಿ ಬರೆದಿರಲಿ, ಏಕೆಂದರೆ ಈ ಗುಂಪಿನಲ್ಲಿ ನಮ್ಮೂರ ಹುಡುಗರೇ ಜಾಸ್ತಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಮುಟ್ಟುವ ಹಾಗಿಲ್ಲ. ಜೋಯಿಡಾ, ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಬೇರೆ. ಬೆಳೆ ರಕ್ಷಣೆ ಲೈಸನ್ಸ್ ಅಂದರೆ ಶಿಕಾರಿ ಲೈಸನ್ಸ್ ಅಲ್ಲ, ತೋಟಕ್ಕೆ ನುಗ್ಗುವ ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಇಲ್ಲಿ ಓದಿದ್ದನ್ನು ಇಲ್ಲಿ ಪ್ರಯೋಗ ಮಾಡಲು ಹೋಗಿ ಯಾರೂ ಜೈಲು ಸೇರಬೇಡಿ. ಜೈಲಿಗಿಂತ ಹೆಚ್ಚಾಗಿ, ಉಳಿದಿರುವ ಪ್ರಾಣಿಗಳನ್ನು ಬಿಟ್ಟುಬಿಡಿ.

ಹುಡುಗನಿಗೆ ಹೇಳುವುದು ಏನಂದರೆ, ಯಾವ ಗುಂಡಾದರೂ ತಗೋ, ಬೀಳುವ ಜಾಗ ಸರಿ ಇಲ್ಲದಿದ್ದರೆ ಎಲ್ಲ ದಂಡ. ಯಾರೋ ಕದ್ದು ಹೊಡೆದ ಚರೆ ಹೊಟ್ಟೆಗೆ ಬಿದ್ದು, ದಿನಗಟ್ಟಲೆ ಆದ ಮೇಲೆ ನಮ್ಮ ಹಳ್ಳದ ಬದಿಯಲ್ಲಿ ಬಿದ್ದಿದ್ದ ಹಂದಿಯನ್ನು ನೋಡಿದ್ದೇನೆ. ಗಾಯದಲ್ಲಿ ಹುಳ ಆಗಿತ್ತು, ಜೀವ ಇನ್ನೂ ಇತ್ತು. ಅದನ್ನು ಒಮ್ಮೆ ನೋಡಿದವನು ಓಡುವ ಮಿಕಕ್ಕೆ ಈಡು ಹಾರಿಸುವುದಿಲ್ಲ. ಪಕ್ಕಕ್ಕೆ ತಿರುಗಿ ನಿಲ್ಲುವ ತನಕ ಕಾಯಬೇಕು. ನಿಲ್ಲಲಿಲ್ಲವಾ, ಹೋಗಲಿ ಬಿಡು. ಅದರ ಹಿಂದೆ ಏನಿದೆ, ಮಣ್ಣಿನ ದಿಬ್ಬವೋ ಯಾರದ್ದಾದರೂ ಮನೆಯೋ, ಅದನ್ನೂ ನೋಡಬೇಕು. ರೈಫಲ್ ಗುಂಡು ಎಷ್ಟು ದೂರ ಹೋಗುತ್ತದೆ ಅಂತ ನಿನಗೇ ಗೊತ್ತು.

ಕುಮಟಾದಿಂದ ಮಿನೆಸೋಟಕ್ಕೆ

ತೋಟಿಗ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಜಾಗ ಹೇಳಿಬಿಡುತ್ತೇನೆ. ಪಕ್ಕಕ್ಕೆ ನಿಂತಾಗ ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲೆ ಬಾ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಎತ್ತರಕ್ಕೆ. ಅಲ್ಲಿ ಎರಡೂ ಪುಪ್ಪುಸ ಸಿಗುತ್ತವೆ, ಸ್ವಲ್ಪ ಕೆಳಗೆ ಹೋದರೆ ಹೃದಯ. ಅಲ್ಲಿಗೆ ಬಿದ್ದರೂ ಜಿಂಕೆ ಐವತ್ತು-ನೂರು ಗಜ ಓಡುವುದು ಸಾಮಾನ್ಯ, ತಪ್ಪಿತು ಅಂತ ಗಾಬರಿ ಬೀಳಬೇಡ. ಕಣ್ಣೆದುರು ಬೀಳದಿದ್ದರೆ ಅರ್ಧ ಗಂಟೆ ಕೂತಿದ್ದು ಆಮೇಲೆ ರಕ್ತದ ಜಾಡು ಹಿಡಿ. ನೊರೆ ಇರುವ ತಿಳಿಗೆಂಪು ಇದ್ದರೆ ಪುಪ್ಪುಸ, ಹತ್ತಿರವೇ ಬಿದ್ದಿರುತ್ತದೆ. ಕಪ್ಪುಗೆಂಪು ಆದರೆ ಲಿವರ್. ಹಸಿರು ಕಂಡರೆ ಹೊಟ್ಟೆ, ಆಗ ಗಂಟೆಗಟ್ಟಲೆ ಕಾಯಲೇಬೇಕು, ಇಲ್ಲದಿದ್ದರೆ ಎಬ್ಬಿಸಿ ಇನ್ನೂ ದೂರ ಓಡಿಸಿದ ಹಾಗೆ. ಗುಂಡು ಆ ಕಡೆಯಿಂದ ಹೊರಗೆ ಹೋಗಬೇಕು ಅಂತ ನಾನು ಹೇಳಿದ್ದು ಇದಕ್ಕೇ, ಎರಡು ತೂತು ಇದ್ದರೆ ಜಾಡು ಸಿಗುತ್ತದೆ.

ಹೊನ್ನಾವರ ಹೊಳೆಸಾಲು

ಮಗು ತಿನ್ನುತ್ತದೆ ಅಂದಿರಲ್ಲ, ಅಲ್ಲಿಗೆ ಯಾರೂ ಬರಲಿಲ್ಲ. ನಾನು ಲ್ಯಾಬ್ ಕೆಲಸದವಳು, ಶಿಕಾರಿ ಗೊತ್ತಿಲ್ಲ, ಸೀಸ ಗೊತ್ತು. ಸೀಸದ ತಿರುಳಿನ ಗುಂಡು ವೇಗವಾಗಿ ಬಂದು ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಮಾಂಸದೊಳಗೆ ಹರಡುತ್ತದೆ. 2008ರಲ್ಲಿ ನಾರ್ತ್ ಡಕೋಟದಲ್ಲಿ ಒಬ್ಬ ವೈದ್ಯರು ದಾನಕ್ಕೆ ಬಂದ ಜಿಂಕೆ ಮಾಂಸದ ಪೊಟ್ಟಣಗಳ ಸಿಟಿ ಸ್ಕ್ಯಾನ್ ತೆಗೆಸಿದರು, ಅದರಲ್ಲಿ ಸೀಸದ ಚೂರು ಕಂಡವು. ಆಮೇಲೆ ಅಲ್ಲಿನ ಆರೋಗ್ಯ ಇಲಾಖೆ ಗರ್ಭಿಣಿಯರು ಮತ್ತು ಆರು ವರ್ಷದೊಳಗಿನ ಮಕ್ಕಳು ಸೀಸದ ಗುಂಡಿನಿಂದ ಹೊಡೆದ ಮಾಂಸ ತಿನ್ನಬಾರದು ಅಂತ ಸಲಹೆ ಕೊಟ್ಟಿತು. ಅದೇ ವರ್ಷ ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸತ್ತ ಕುರಿಗಳಿಗೆ ಗುಂಡು ಹೊಡೆದು ನೋಡಿದಾಗ ಚೂರುಗಳು ಗಾಯದಿಂದ ಒಂದಡಿಗೂ ದೂರ ಸಿಕ್ಕವು. ಅಂದರೆ ಗಾಯದ ಸುತ್ತ ಕೊಯ್ದು ಬಿಸಾಡಿದರೆ ಸಾಕು ಅನ್ನುವ ಹಾಗಿಲ್ಲ, ತೊಳೆದರೆ ಇನ್ನೂ ಹರಡುತ್ತದೆ.

ಮಕ್ಕಳ ಮಿದುಳಿಗೆ ಸೀಸದ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ. ಬೇರೆ ಏನು ಸಿಗುತ್ತದೋ ನೋಡಿ, ಸೀಸ ಬೇಡ. ಬಿಟ್ಟು ಬಂದ ಕರುಳು ತಿನ್ನುವ ಹದ್ದುಗಳಿಗೂ ಅದೇ ವಿಷ. ಕ್ಯಾಲಿಫೋರ್ನಿಯಾದಲ್ಲಿ ಕಾಂಡರ್ ರಣಹದ್ದು ಉಳಿಸಲು ಹೊರಟು, ಕೊನೆಗೆ 2019ರ ಜುಲೈ 1ರಿಂದ ಶಿಕಾರಿಗೆ ಸೀಸದ ಗುಂಡನ್ನೇ ಪೂರ್ತಿ ನಿಲ್ಲಿಸಿದರು.

ಸೋಂದಾ ಹುಡುಗ

ಅಕ್ಕಾ, ಇದು ಗೊತ್ತೇ ಇರಲಿಲ್ಲ. ಹಾಗಾದರೆ ಬಾರ್ನ್ಸ್‌ನದ್ದು ಪೂರ್ತಿ ತಾಮ್ರ ಅಲ್ವಾ? ಅದರಲ್ಲಿ ತೊಂದರೆ ಏನಾದರೂ ಇದೆಯಾ? ಇನ್ನೊಂದು ಕೇಳಬೇಕು, ನನ್ನದು ಎಚ್-1ಬಿ ವೀಸಾ. ಗೆಳೆಯನ ರೈಫಲ್ ಹಿಡಿಯಬಹುದಾ?

ಕುಮಟಾದಿಂದ ಮಿನೆಸೋಟಕ್ಕೆ

ವೀಸಾ ವಿಷಯ ಮೊದಲು, ಅದು ಗುಂಡಿಗಿಂತ ದೊಡ್ಡದು. ಎಚ್-1ಬಿ ತರಹದ ವೀಸಾದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕೊಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಶಿಕಾರಿ ಲೈಸನ್ಸ್ ನಿನ್ನ ಹತ್ತಿರ ಇರಬೇಕು. ಗೆಳೆಯನದ್ದು, ಒಂದು ದಿನಕ್ಕೆ ಮಾತ್ರ ಅನ್ನುವ ನೆಪ ನಡೆಯುವುದಿಲ್ಲ. ಆದ್ದರಿಂದ ಲೈಸನ್ಸ್ ಕೈಗೆ ಬರುವ ತನಕ ರೇಂಜ್‌ಗೂ ಹೋಗಬೇಡ, ಪೆಟ್ಟಿಗೆ ಗುಂಡೂ ಕೊಳ್ಳಬೇಡ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರಿಗೆ ಸಾಮಾನ್ಯವಾಗಿ ಶಿಕಾರಿ ಸುರಕ್ಷತೆ ಕೋರ್ಸ್ ಆಗಿರಬೇಕು. ಅದಕ್ಕೆ ಈಗಲೇ ಹೆಸರು ಹಚ್ಚು. ಅನುಮಾನ ಇದ್ದರೆ ನಿನ್ನ ವಲಸೆ ವಕೀಲರನ್ನು ಒಮ್ಮೆ ಕೇಳಿಬಿಡು, ಗ್ರೀನ್ ಕಾರ್ಡ್ ದಾರಿಯಲ್ಲಿ ಇಂಥದ್ದೊಂದು ಕೇಸ್ ಬೇಡ.

ಇನ್ನು ತಾಮ್ರ. ಅಕ್ಕ ಹೇಳಿದ ಮೇಲೆ ನನ್ನ ಮಾತು ಬದಲಿಸುತ್ತೇನೆ, ಮನೆಯಲ್ಲಿ ಸಣ್ಣ ಮಗು ಇದ್ದರೆ ತಾಮ್ರವೇ ಸರಿ. ಟಿಟಿಎಸ್‌ಎಕ್ಸ್ ಎಸಳುಗಳಾಗಿ ಬಿಚ್ಚಿಕೊಳ್ಳುತ್ತದೆ, ಚೂರಾಗುವುದಿಲ್ಲ, ತೂಕ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಆ ಕಡೆ ತೂತು ಬಹುತೇಕ ಖಂಡಿತ. ತೊಂದರೆ ಏನಂದರೆ ಅರಳಲು ವೇಗ ಬೇಕು. ಸೆಕೆಂಡಿಗೆ 1800-2000 ಅಡಿಗಿಂತ ಕೆಳಗೆ ಇಳಿದರೆ ಸರಿಯಾಗಿ ಬಿಚ್ಚುವುದಿಲ್ಲ. 150 ಗಜದೊಳಗೆ ನಿನಗೆ ಆ ಚಿಂತೆ ಇಲ್ಲ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತದೆ, ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಗೀರುಗಳ ಸುತ್ತು ನಿಧಾನ ಇದ್ದರೆ ಉದ್ದದ ಗುಂಡು ನೆಟ್ಟಗೆ ಹಾರುವುದಿಲ್ಲ. ಅದಕ್ಕೇ ತಾಮ್ರದಲ್ಲಿ ಒಂದು ಮೆಟ್ಟಿಲು ಕೆಳಗಿನ ತೂಕ ತೆಗೆದುಕೊಳ್ಳುವುದು. .308ಕ್ಕೆ 130 ಅಥವಾ 150 ಎರಡೂ ಚೆನ್ನ. ಬೆಲೆ ಜಾಸ್ತಿ, ಅದು ನಿಜ. ಆದರೆ ಇಡೀ ಸೀಸನ್‌ಗೆ ಬೇಕಾಗುವುದೇ ಎರಡು ಪೆಟ್ಟಿಗೆ.

ಕಾರವಾರ ಕಿನಾರೆ

ತಾಮ್ರದ ಗುಂಡು ಹೊಡೆಯುವ ಮೊದಲು ನಳಿಗೆಯನ್ನು ಚೆನ್ನಾಗಿ ಒರೆಸಿ ಕೊಡಲು ಗೆಳೆಯನಿಗೆ ಹೇಳಿ. ಹಳೆಯ ಗುಂಡಿನ ಮಸಿ, ಲೋಹ ಒಳಗೆ ಕೂತಿದ್ದರೆ ಮೊದಲ ಕೆಲವು ಗುಂಡು ಎಲ್ಲೆಲ್ಲೋ ಬೀಳುತ್ತವೆ. 130 ಒಂದು ಪೆಟ್ಟಿಗೆ, 150 ಒಂದು ಪೆಟ್ಟಿಗೆ ತಂದು ಎರಡನ್ನೂ 100 ಗಜಕ್ಕೆ ಮೂರು ಮೂರು ಹೊಡೆದು ನೋಡಿ. ಯಾವುದು ಹತ್ತಿರ ಹತ್ತಿರ ಬೀಳುತ್ತದೋ ಆ ರೈಫಲ್‌ಗೆ ಅದೇ. ಆಮೇಲೆ ಮೇಜು ಬಿಟ್ಟು, ಕಾಡಿನಲ್ಲಿ ನೀವು ಕೂರುವ ಹಾಗೇ ಕೂತು ಅಭ್ಯಾಸ ಮಾಡಿ.

ಸೋಂದಾ ಹುಡುಗ

ಎಲ್ಲರಿಗೂ ಧನ್ಯವಾದ. ಕೋರ್ಸಿಗೆ ಇವತ್ತೇ ಹೆಸರು ಹಚ್ಚುತ್ತೇನೆ, ಲೈಸನ್ಸ್ ಬಂದ ಮೇಲೆ ತಾಮ್ರದ್ದೇ ಎರಡು ಪೆಟ್ಟಿಗೆ. ಗೆಳೆಯ ಸೀಸದ್ದೇ ಹೊಡೆಯುತ್ತಾನೆ, ಅವನ ಪಾಲಿನ ಮಾಂಸ ನಮ್ಮ ಮನೆಗೆ ಬೇಡ ಅಂತ ಈಗಲೇ ಹೇಳಿಬಿಡುತ್ತೇನೆ.

ಕುಮಟಾದಿಂದ ಮಿನೆಸೋಟಕ್ಕೆ

ಮಾಂಸದ ಮಾತು ಬಂತು ಅಂತ ಇದನ್ನೂ ಸೇರಿಸುತ್ತೇನೆ. ವಿಸ್ಕಾನ್ಸಿನ್ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಅನ್ನುವ ನರರೋಗ 2002ರಿಂದ ಇದೆ. ಮನುಷ್ಯರಿಗೆ ಬಂದದ್ದು ಇದುವರೆಗೆ ಕಂಡಿಲ್ಲ, ಆದರೂ ರೋಗ ಇದೆ ಅಂತ ಬಂದ ಜಿಂಕೆಯನ್ನು ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆ ಹೇಳುತ್ತದೆ. ಪರೀಕ್ಷೆ ಅಲ್ಲಿ ಪುಕ್ಕಟೆ. ತಲೆಯ ಭಾಗದಿಂದ ಸ್ಯಾಂಪಲ್ ತೆಗೆಯುತ್ತಾರೆ, ಹಾಗಾಗಿ ತಲೆ ಬಿಸಾಡಬೇಡ. ರಿಪೋರ್ಟ್ ಬರುವ ತನಕ ಆ ಜಿಂಕೆಯ ಪೊಟ್ಟಣಗಳಿಗೆ ಚೀಟಿ ಅಂಟಿಸಿ ಫ್ರೀಜರ್‌ನಲ್ಲಿ ಬೇರೆಯೇ ಇಡು, ಬೇರೆಯವರ ಮಾಂಸದ ಜೊತೆ ಸೇರಿಸಿ ಕೊಚ್ಚಿಸಬೇಡ.