ಅವ್ವನ್ನ ವಿಯೆಟ್ನಾಂ ಅಂಗಡಿಗೆ ಕರ್ಕೊಂಡು ಹೋಗಬೇಕಂತ ಮಾಡೇನಿ: ಫೋ ಹೆಂಗ ತಿನ್ನೂದು, ವೆಜ್ ಅಂದ್ರ ಖರೇನ ವೆಜ್ ಇರ್ತೈತೇನ್ರಿ?

ಕುಂದಾ_ಡಬ್ಬಿ (ಬೆಳಗಾವಿ):

ನಮಸ್ಕಾರ ಎಲ್ಲಾರಿಗೂ. ನಾ ಟಿಳಕವಾಡಿ ಒಳಗ ಇರೂದು. ನಮ್ಮ ಮನಿ ಹತ್ರ ಎರಡು ತಿಂಗಳ ಹಿಂದ ಒಂದು ಸಣ್ಣ ವಿಯೆಟ್ನಾಂ ಅಂಗಡಿ ಆಗೇತಿ. ನಾಕ ಟೇಬಲ್, ಕರಿ ಹಲಗಿ ಮ್ಯಾಲೆ ಬರದ ಮೆನು, ಬಾನ್ ಮಿ ಅಂತ ಒಂದು ಸ್ಯಾಂಡ್‌ವಿಚ್ ಮತ್ತ ಫೋ ಅಂತ ನೂಡಲ್ ಸೂಪ್, ಇವೆರಡರ ಮ್ಯಾಲೇನ ಅಂಗಡಿ ನಡದೈತಿ. ಮೊನ್ನೆ ರವಿವಾರ ಆಫೀಸಿನ ಗೆಳತ್ಯಾರ ಜೋಡಿ ಹೋಗಿದ್ದೆ. ಬಾನ್ ಮಿ ಭಾಳ ಸೇರ್ತು, ಮ್ಯಾಲೆ ಕುರುಕುರು ಒಳಗ ಮೆತ್ತಗ, ನಡುವ ಹುಳಿ ಹುಳಿ ಗಜ್ಜರಿ ಮೂಲಂಗಿ. ಆದ್ರ ಫೋ ವಿಷಯದಾಗ ತಪ್ಪು ಮಾಡಿದೆ ಅನಸ್ತೈತಿ. ದೊಡ್ಡ ಬೋಗಣಿ ತುಂಬ ಸೂಪ್ ತಂದಿಟ್ರು, ಬಾಜೂಕ ಒಂದು ತಾಟಿನಾಗ ಹಸಿ ಸೊಪ್ಪು, ಮೊಳಕಿ, ನಿಂಬಿಹಣ್ಣು, ಹೆಚ್ಚಿದ ಮೆಣಸಿನಕಾಯಿ, ಜೋಡಿಗೆ ಎರಡು ಸಾಸ್ ಬಾಟಲಿ. ಏನು ಎತ್ತ ಅಂತ ಯಾರೂ ಹೇಳಲಿಲ್ಲ, ನಾ ಎಲ್ಲಾ ಒಮ್ಮೆಲೆ ಸೂಪಿನಾಗ ಸುರುವಿದೆ, ಕರಿ ಸಾಸ್ ಎರಡ ಚಮಚೆ ಹಾಕಿದ ಮ್ಯಾಲೆ ಅದು ಸಿಹಿ ಆಗಿಹೋತು, ಸೂಪಿನ ಮೂಲ ರುಚಿ ಏನಿತ್ತು ಅಂತ ನಂಗ ಇವತ್ತಿಗೂ ಗೊತ್ತಿಲ್ಲ.

ಈಗ ಮುಂದಿನ ವಾರ ನಮ್ಮವ್ವಂದು ಅರವತ್ತನೇ ಹುಟ್ಟಿದಬ್ಬ. ಅಕಿಗೆ ಹೊಸ ಊಟ ಅಂದ್ರ ಭಾಳ ಆಸೆ, ಆದ್ರ ಮಾಂಸ ಮೀನು ತತ್ತಿ ಯಾವುದೂ ಮುಟ್ಟಂಗಿಲ್ಲ. ಹಲಗಿ ಮ್ಯಾಲೆ "ವೆಜ್ ಫೋ" "ವೆಜ್ ಬಾನ್ ಮಿ" ಅಂತ ಬರದಾರ. ಅದು ಖರೇನ ವೆಜ್ ಏನು? ಅಕಿ ನಂಬಿ ತಿಂತಾಳ, ಆಮ್ಯಾಲೆ ಏನರ ಗೊತ್ತಾದ್ರ ನಂಗ ತಡಕೊಳ್ಳೂದು ಆಗಂಗಿಲ್ಲ. ಅಂಗಡಿಯವ್ರಿಗೆ ಏನೇನು ಕೇಳಬೇಕು, ಮತ್ತ ಫೋ ಸರಿಯಾಗಿ ಹೆಂಗ ತಿನ್ನೂದು, ತಿಳದವ್ರು ಹೇಳ್ರಿ.

ಘಟಪ್ರಭಾ_ದಂಡಿ (ಬಾಗಲಕೋಟೆ):

ತಂಗಿ, ನಾ ಮೂರು ವರ್ಷ ಹೋ ಚಿ ಮಿನ್ ಸಿಟಿ ಒಳಗ ಕೆಲಸಕ್ಕ ಇದ್ದೆ, ಅಲ್ಲಿ ಮಂದಿ ಇನ್ನೂ ಸೈಗಾನ್ ಅಂತನ ಅಂತಾರ. ಮುಂಜಾನೆ ಆರೂವರೆಕ್ಕ ಫುಟ್‌ಪಾತ್ ಮ್ಯಾಲೆ ಮೊಣಕಾಲಿನ ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಮ್ಯಾಲೆ ಕುಂತು ಫೋ ತಿಂದ ಕೆಲಸಕ್ಕ ಹೋಗ್ತಿದ್ದೆ, ನಮ್ಮ ಕಡೆ ಮುಂಜಾನೆ ಇಡ್ಲಿ ಸುಸಲಾ ಇದ್ದಂಗ ಅಲ್ಲಿ ಅದು ನಾಷ್ಟಾ. ಮೊದಲ ಹೆಸರು, ಬರಿಯೂದು ಫೋ ಅಂತ ಆದ್ರೂ ಅವ್ರ ಬಾಯಾಗ ಅದು "ಫಾ" ಮತ್ತ "ಫು" ನಡುವ ಎಲ್ಲೋ ಬರ್ತೈತಿ, ದನಿ ಕೆಳಗಿಳದು ಮ್ಯಾಲೇರತೈತಿ, ಪ್ರಶ್ನೆ ಕೇಳಿದಂಗ.

ತಿನ್ನೂದಕ್ಕ ಒಂದ ಮುಖ್ಯ ಮಾತು: ಏನೂ ಹಾಕೋಕಿಂತ ಮೊದ್ಲ ಬರೇ ಸೂಪು ಎರಡ ಮೂರು ಚಮಚೆ ಕುಡೀರಿ. ಯಾಕಂದ್ರ ಆ ಅಂಗಡಿಯವರ ಎಲ್ಲಾ ದುಡಿಮಿ ಅದರಾಗ ಇರ್ತೈತಿ. ಎಲುಬು ತಾಸುಗಟ್ಲೆ ಸಣ್ಣ ಉರಿ ಮ್ಯಾಲೆ ಕುದೀತಾವ, ಮ್ಯಾಲೆ ಬಂದ ನೊರಿ ತಗದು ತಗದು ತಿಳಿ ಮಾಡ್ತಾರ, ಉಳ್ಳಾಗಡ್ಡಿ ಹಸಿಶುಂಠಿ ಬೆಂಕಿ ಮ್ಯಾಲೆ ಕರ್ರಗ ಸುಟ್ಟು ಹಾಕ್ತಾರ, ಆಮ್ಯಾಲೆ ಚಕ್ರಮೊಗ್ಗು, ದಾಲ್ಚಿನ್ನಿ, ಲವಂಗ, ಕೊತ್ತಂಬರಿ ಕಾಳು. ನಮ್ಮ ಮಸಾಲಿ ಡಬ್ಬಿ ಒಳಗಿನ ಸಾಮಾನ, ಆದ್ರ ಕುಟ್ಟಿ ಹಾಕಂಗಿಲ್ಲ, ಇಡೀದ ಹುರದು ಹಾಕಿ ಕಡೀಕ ಸೋಸ್ತಾರ, ಅದಕ್ಕ ಸೂಪ್ ಘಮ ಇದ್ರೂ ನೋಡಾಕ ತಿಳಿ ಇರ್ತೈತಿ. ವಿಯೆಟ್ನಾಂದ ಲಾಂಗ್ ಸೊನ್ ಅನ್ನೂ ಉತ್ತರದ ಗುಡ್ಡದ ಸೀಮಿ ಚಕ್ರಮೊಗ್ಗಿಗೆ ಹೆಸರಾಗೇತಿ.

ಬರೇ ರುಚಿ ನೋಡಿದ ಮ್ಯಾಲೆ ನಿಂಬಿಹಣ್ಣು ಚೂರು, ಸೊಪ್ಪು ಕೈಲೆ ಹರದು, ಮೊಳಕಿ ಬಿಸಿ ಸೂಪಿನಾಗ ಮುಳುಗಿಸಿ. ಕರಿ ಸಾಸು ಅಂದ್ರಲ್ಲ, ಅದು ಹೊಯ್ಸಿನ್, ಸೋಯಾದ್ದು, ಸಿಹಿ ಇರೂದ. ನನ್ನ ಜೋಡಿ ಕೆಲಸ ಮಾಡ್ತಿದ್ದ ಹುಡುಗ್ರು ಅದನ್ನ ಸಣ್ಣ ಬಟ್ಟಲದಾಗ ಕೆಂಪು ಖಾರದ ಸಾಸ್ ಜೋಡಿ ಹಾಕ್ಕೊಂಡು ಮಾಂಸದ ತುಣಕು ಅದರಾಗ ಅದ್ದಿ ತಿಂತಿದ್ರು, ಸೂಪಿಗೆ ಸುರುವ್ತಿದ್ದಿಲ್ಲ. ಸುರುವು ಮಂದೀನೂ ಅದಾರ, ತಪ್ಪು ಅಂತಲ್ಲ, ಆದ್ರ ಮೊದಲ ಸಲ ಬ್ಯಾಡ. ಈ ಸೊಪ್ಪಿನ ತಾಟು ದಕ್ಷಿಣದ ರೂಢಿ. ಉತ್ತರದ ಹನೋಯಿಗೆ ಹೋದ್ರ ಸೂಪು ಇನ್ನೂ ಸಾದಾ, ಉಳ್ಳಾಗಡ್ಡಿ ತಪ್ಪಲ ಮ್ಯಾಲೆ ಉದುರಿಸಿರ್ತಾರ, ಅಷ್ಟ. ಫೋ ಹುಟ್ಟಿದ್ದೂ ಉತ್ತರದಾಗ, ಹನೋಯಿ ಮತ್ತ ನಾಮ್ ದಿನ್ ಸುತ್ತಮುತ್ತ, ಇಪ್ಪತ್ತನೇ ಶತಮಾನದ ಶುರುವಿನಾಗ. 1954ರಾಗ ದೇಶ ಎರಡಾದಾಗ ಉತ್ತರದಿಂದ ಲಕ್ಷಗಟ್ಲೆ ಮಂದಿ ಸೈಗಾನ್ ಕಡೆ ಬಂದ್ರು, ಅವರ ಜೋಡಿ ಈ ಊಟಾನೂ ದಕ್ಷಿಣದಾಗ ಬೇರೂರ್ತು, ಅಲ್ಲಿಯ ಸೊಪ್ಪು ಮೊಳಕಿ ಕೂಡಿಕೊಂಡ್ವು.

ಈಗ ಅವ್ವಾರ ವಿಷಯ. ಇದು ಮುಖ್ಯ, ಲಕ್ಷ ಕೊಟ್ಟು ಓದ್ರಿ. ವಿಯೆಟ್ನಾಂ ಅಡಗಿ ಒಳಗ ಉಪ್ಪಿನ ಜಾಗಾದಾಗ ಮೀನಿನ ಸಾಸ್ ಹಾಕ್ತಾರ, ನುವಕ್ ಮಾಮ್ ಅಂತಾರ. ಸಣ್ಣ ಮೀನು ಮತ್ತ ಉಪ್ಪು ಪದರ ಪದರ ಹಾಕಿ ಪೀಪಾಯಿ ಒಳಗ ತಿಂಗಳುಗಟ್ಲೆ ಹುದುಗಿಸಿ ತಗದ ರಸ ಅದು. ಮಾಂಸ ಇಲ್ಲ ಅಂದ ಕೂಡ್ಲೆ ಅದೂ ಇಲ್ಲ ಅಂತ ತಿಳಕೋಬ್ಯಾಡ್ರಿ. "ವೆಜ್ ಐತೇನು" ಅಂತ ಕೇಳಿದ್ರ ಎಲ್ಲಾರೂ ಹೌದ ಅಂತಾರ, ಅದಕ್ಕ ಹಂಗ ಕೇಳಬ್ಯಾಡ್ರಿ. "ವೆಜ್ ಫೋ ಸೂಪು ಬ್ಯಾರೆ ಪಾತೇಲ್ಯಾಗ ಮಾಡ್ತೀರೋ, ಅದ ಚಿಕನ್ ಸೂಪಿನಾಗ ಪನೀರ್ ಹಾಕಿ ಕೊಡ್ತೀರೋ? ಉಪ್ಪಿಗೆ ಏನು ಹಾಕ್ತೀರಿ, ಸೋಯಾ ಸಾಸೋ ಮೀನಿನ ಸಾಸೋ?" ಹಿಂಗ ಕೇಳ್ರಿ. ಕೆಂಪು ಸಾಸಿನ ಬಾಟಲಿ ತಿರುಗಿಸಿ ಹಸಿರು ಚುಕ್ಕಿ ಐತೋ ಇಲ್ಲೋ ನೋಡ್ರಿ, ಕೆಲವು ಕಂಪನಿಯವು ಮೀನಿನ ಅಂಶ ಇದ್ದವೂ ಬರ್ತಾವ.

ಆದ್ರ ಒಂದು ಮಾತು, ಶಾಖಾಹಾರ ಅನ್ನೂದು ಆ ದೇಶಕ್ಕ ಹೊಸದಲ್ಲ. ಅದಕ್ಕ "ಚಾಯ್" ಅಂತಾರ. ಬೌದ್ಧ ಮಂದಿ ಚಾಂದ್ರಮಾನ ತಿಂಗಳಿನ 1ನೇ ಮತ್ತ 15ನೇ ದಿನ ಮಾಂಸ ಬಿಡ್ತಾರ. ಅಂದ್ರ ಹೆಚ್ಚು ಕಡಿಮಿ ನಮ್ಮ ಅಮಾಸಿ ಹುಣ್ಣಿವಿ! ನಾ ಇದ್ದ ಓಣಿ ಒಳಗ ಆ ದಿನ ಮಾಂಸದ ಅಂಗಡಿಯವ್ರೂ ಚಾಯ್ ಬೋರ್ಡ್ ಹಾಕ್ತಿದ್ರು. ಅಣಬಿ, ಮೂಲಂಗಿ, ಗಜ್ಜರಿ, ಗೋವಿನಜೋಳದ ತೆನಿ ಹಾಕಿ ಕುದಿಸಿದ ಸೂಪು, ಮ್ಯಾಲೆ ತೋಫು. ಅವ್ವಾರಿಗೆ ಇದನ್ನ ಹೇಳ್ರಿ, ಅವ್ರಿಗೆ ಸಮಾಧಾನ ಆಗ್ತೈತಿ.

ಮಿರ್ಚಿ_ಗಿರಮಿಟ್ (ಬೆಳಗಾವಿ):

ನಾ ಅಲ್ಲಿ ಹೋಗಿದ್ದೆ. ಚಿಕನ್ ಫೋಗೆ 240 ರೂಪಾಯಿ ಕೊಟ್ಟೆ, ಖಾರ ಇಲ್ಲ ಹುಳಿ ಇಲ್ಲ, ಬಿಸಿನೀರಿನಾಗ ಶಾವಿಗಿ ಹಾಕಿ ಕೊಟ್ಟಂಗ ಅನಸ್ತು. ಖರೇ ಫೋ ದನದ ಮಾಂಸದ್ದಂತ, ಚಿಕನ್ ಅಂದ್ರ ಇಲ್ಲಿಗೋಸ್ಕರ ಬದಲ ಮಾಡಿದ್ದು ಅಂತ ನಮ್ಮ ದೋಸ್ತ ಹೇಳ್ದ. ಹುಟ್ಟಿದಬ್ಬಕ್ಕ ಅವ್ವಾರನ್ನ ಛಲೋ ಖಾನಾವಳಿಗೆ ಕರ್ಕೊಂಡು ಹೋಗ್ರಿ, ಹೊಟ್ಟಿ ತುಂಬ್ತೈತಿ.

ಘಟಪ್ರಭಾ_ದಂಡಿ:

ಅಣ್ಣಾ, ಚಿಕನ್ ಫೋ ಇಲ್ಲಿಗೋಸ್ಕರ ಮಾಡಿದ್ದಲ್ಲ, ಫೋ ಗಾ ಅಂತ ಹನೋಯಿ ಒಳಗ 1930ರ ದಶಕದಿಂದನ ಐತಿ, ಅಲ್ಲಿ ಅದಕ್ಕಂತನ ಬ್ಯಾರೆ ಅಂಗಡಿ ಅದಾವ. ಖಾರ ನೀವ ಹಾಕ್ಕೋಬೇಕು, ಅದಕ್ಕ ಮೆಣಸಿನಕಾಯಿ ಬಾಜೂಕ ಇಡ್ತಾರ. ನಮ್ಮ ರೊಟ್ಟಿ ಊಟದಾಗ ಹಸಿ ಮೆಂತೆಪಲ್ಲೆ, ಹಕ್ಕರಕಿ, ಉಳ್ಳಾಗಡ್ಡಿ, ಸೌತಿಕಾಯಿ ಬಾಜೂಕ ಇಟ್ಟು ಯಾರಿಗೆ ಎಷ್ಟು ಬೇಕೋ ಅಷ್ಟು ಕಚ್ಕೋತೀವಲ್ಲ, ಅದ ಲೆಕ್ಕ. ಆದ್ರ ಬಿಸಿನೀರಿನಂಗ ಇತ್ತು ಅಂದ್ರ ಅವತ್ತು ಸೂಪು ಸರಿ ಕುದ್ದಿಲ್ಲ ಅಂತ ಅರ್ಥ, ಅದು ಅಂಗಡಿಯವರ ತಪ್ಪ. ಆ ಮಾತು ನಾ ಒಪ್ತೀನಿ, ಅವರಿಗೆ ಎದುರಿಗೇ ಹೇಳ್ರಿ.

ಕ್ಯಾಂಪ್_ಭಟ್ಟಿ (ಬೆಳಗಾವಿ):

ಫೋ ಬಗ್ಗೆ ಅವ್ರು ಹೇಳ್ಯಾರ, ನಾ ಬ್ರೆಡ್ಡಿನ ಬಗ್ಗೆ ಹೇಳ್ತೀನಿ, ನಮ್ಮದು ಬೇಕರಿ ಮನೆತನ. ಬಾನ್ ಮಿ ಅಂದ್ರ ಅವರ ಭಾಷೆ ಒಳಗ ಬ್ರೆಡ್ ಅಂತನ ಅರ್ಥ. ಫ್ರೆಂಚರು ಆಳಾಕ ಬಂದಾಗ ಬ್ರೆಡ್ ತಂದ್ರು, ಪೋರ್ತುಗೀಜರು ಗೋವಾಕ್ಕ ಪಾವ್ ತಂದಂಗ. ಗೋವಾದ ಪಾವ್ ಘಟ್ಟ ಹತ್ತಿ ಬಂದು ನಮ್ಮ ಊರಾಗ ಭಾಜಿ ಜೋಡಿ ಮಿಸಳ ಜೋಡಿ ನಮ್ಮದ ಆಗಿಬಿಡ್ತು, ಅಲ್ಲೂ ಹಂಗ ಆತು. ಮೊದಲ ಫ್ರೆಂಚರಂಗ ಬ್ರೆಡ್ ಬ್ಯಾರೆ, ಮಾಂಸ ಬ್ಯಾರೆ, ಬೆಣ್ಣಿ ಬ್ಯಾರೆ ತಾಟಿನಾಗ ಇಟ್ಟು ಕೊಡ್ತಿದ್ರು. 1950ರ ದಶಕದಾಗ ಸೈಗಾನಿನಾಗ ಎಲ್ಲಾ ಒಳಗ ತುಂಬಿ ಕೈಯಾಗ ಹಿಡದು ತಿನ್ನೂವಂಗ ಮಾಡಿದ್ರು. 1958ರಾಗ ಶುರು ಆದ ಹೋವಾ ಮಾ ಅನ್ನೂ ಅಂಗಡಿ ಹೆಸರು ಈ ಮಾತು ಬಂದಾಗೆಲ್ಲ ಬರ್ತೈತಿ. 2011ರಾಗ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಒಳಗ ಬಾನ್ ಮಿ ಅನ್ನೂ ಶಬ್ದಾನ ಸೇರ್ತು.

ಅಕ್ಕಿ ಹಿಟ್ಟಿನ ಬ್ರೆಡ್ ಅಂತ ಭಾಳ ಮಂದಿ ಹೇಳ್ತಾರ, ಆದ್ರ ಮುಖ್ಯ ಅದು ಮೈದಾದ್ದ. ಕುರುಕುರು ಆಗೂದು ಹಬಿಯಿಂದ. ಭಟ್ಟ್ಯಾಗ ಇಟ್ಟ ಕೂಡ್ಲೆ ಹಬಿ ಕೊಟ್ರ ಮ್ಯಾಲಿನ ಪದರ ಲಗೂನ ಒಣಗಂಗಿಲ್ಲ, ಬ್ರೆಡ್ ಪೂರಾ ಉಬ್ತೈತಿ, ಆಮ್ಯಾಲೆ ತೆಳ್ಳಗ ಹಪ್ಪಳದಂಗ ಆಗ್ತೈತಿ, ಒಳಗ ಹಗುರ. ನಮ್ಮ ಪಾವ್ ಒಂದಕ್ಕೊಂದು ಅಂಟಿಸಿ ಟ್ರೇದಾಗ ಇಡ್ತೀವಿ, ಬಾಜೂಕ ಬಿಸಿ ತಾಗಂಗಿಲ್ಲ, ಅದಕ್ಕ ಅದು ಮೆತ್ತಗ. ಬಾನ್ ಮಿ ಅದ ದಿನ, ಸಾಧ್ಯ ಆದ್ರ ಅದ ತಾಸಿನಾಗ ತಿನ್ನಬೇಕು. ಬೆಳಗಾವಿ ಮಳಿಗಾಲದ ಹವಾಕ್ಕ ಎರಡ ತಾಸಿನಾಗ ಚರ್ಮದಂಗ ಎಳೀತೈತಿ. ನೀವು ಹೋದಾಗ "ಭಟ್ಟ್ಯಾಗ ಮತ್ತೊಮ್ಮೆ ಬಿಸಿ ಮಾಡಿ ಕೊಡ್ರಿ" ಅಂತ ಕೇಳ್ರಿ, ತವಾ ಮ್ಯಾಲೆ ಒತ್ತಿ ಕೊಡೂದು ಬ್ಯಾಡ ಅನ್ರಿ, ಒತ್ತಿದ್ರ ಅದರ ಜೀವಾನ ಹೋಗ್ತೈತಿ.

ಅವ್ವಾರಿಗೆ ವೆಜ್ ಬಾನ್ ಮಿ ತಗೋಳೂದಿದ್ರ ಎರಡು ಮಾತು ಕೇಳ್ರಿ. ಮೇಯೊನೀಸ್ ತತ್ತಿದೋ ತತ್ತಿ ಇಲ್ಲದ್ದೋ. ಆಮ್ಯಾಲೆ ಪಾತೆ ಅಂತ ಒಂದು ಹಚ್ತಾರ, ನೋಡಾಕ ಚಟ್ನಿಯಂಗ, ಅದು ಲಿವರಿನದು. ಹಚ್ಚೂ ಚಾಕು ಬ್ಯಾರೆ ಐತೇನು ಅಂತ ಕೇಳೂದ್ರಾಗ ನಾಚಿಕಿ ಬ್ಯಾಡ. ಆ ಹುಳಿ ಗಜ್ಜರಿ ಮೂಲಂಗಿ ಸೇರ್ತು ಅಂದ್ರಲ್ಲ, ಅದು ಬರೇ ವಿನೆಗರ್ ಸಕ್ಕರಿ ಉಪ್ಪಿನಾಗ ನೆನಸಿದ್ದು, ಅದರ ಬಗ್ಗೆ ಚಿಂತಿ ಇಲ್ಲ.

ಗುಮ್ಮಟದ_ಅಕ್ಕ (ವಿಜಯಪುರ):

ತಂಗಿ, ನಿಮ್ಮವ್ವನ ವಯಸ್ಸಿನಾಕಿ ನಾನು, ನಾನೂ ಏನೂ ಮುಟ್ಟೂದಿಲ್ಲ. ನನ್ನ ಮಗಳು ಪರದೇಶದಾಗ ಇದ್ದಾಗ ಕಲತ ಬಂದು ಮನ್ಯಾಗ ಮಾಡಿ ತೋರಿಸ್ಯಾಳ, ಈಗ ನಾನ ಮಾಡ್ತೀನಿ. ಅಂಗಡ್ಯಾಗ ಸರಿ ಉತ್ತರ ಸಿಗದಿದ್ರ ಮನ್ಯಾಗ ಮಾಡ್ರಿ, ಕಠಿಣ ಏನಿಲ್ಲ. ಬದನಿಕಾಯಿ ಸುಟ್ಟಂಗ ಗ್ಯಾಸಿನ ಮ್ಯಾಲೆ ಎರಡು ಉಳ್ಳಾಗಡ್ಡಿ ಮತ್ತ ಹೆಬ್ಬಟ್ಟಿನಷ್ಟು ಹಸಿಶುಂಠಿ ಸುಡ್ರಿ, ಕರಿ ಸಿಪ್ಪಿ ಅರ್ಧಾ ತಗೀರಿ, ಪೂರಾ ತಗೀಬ್ಯಾಡ್ರಿ. ಎರಡು ಚಕ್ರಮೊಗ್ಗು, ಒಂದು ತುಂಡು ದಾಲ್ಚಿನ್ನಿ, ಮೂರು ಲವಂಗ, ಒಂದು ಚಮಚ ಕೊತ್ತಂಬರಿ ಕಾಳು ಒಣಾ ಹುರದು ಅರಿವ್ಯಾಗ ಕಟ್ಟಿ ಬಿಡ್ರಿ. ಒಂದು ಮೂಲಂಗಿ, ಎರಡು ಗಜ್ಜರಿ, ಗೋವಿನಜೋಳದ ತೆನಿ, ಎರಡು ಲೀಟರ್ ನೀರು, ಒಂದು ತಾಸು ಸಣ್ಣ ಉರಿ. ಅಣಬಿ ನಡೀತಿದ್ರ ಹಾಕ್ರಿ. ಕಡೀಕ ಸೋಸಿ ಉಪ್ಪು, ಚೂರು ಸೋಯಾ ಸಾಸ್, ಚಿಟಿಕಿ ಸಕ್ಕರಿ.

ಅದನ್ನ ಕುಡದಾಗ ನಂಗ ಹೋಳಿಗಿ ದಿವಸದ ಕಟ್ಟಿನ ಸಾರು ನೆನಪಾತು. ರುಚಿ ಬ್ಯಾರೆನ ಅದ, ಆದ್ರ ಬ್ಯಾಳಿ ಬ್ಯಾರೆ ಮಾಡಿ ಅದರ ತಿಳಿಗೆ ಮಸಾಲಿ ಕೊಟ್ಟು ಸಾರು ಮಾಡೂದು ಅಂದ್ರ ಏನು ಅಂತ ಗೊತ್ತಿದ್ದವ್ರಿಗೆ ಇದು ಲಗೂ ತಿಳೀತದ. ಅಕ್ಕಿ ನೂಡಲ್ಸ್ ಚಪ್ಪಟ್ಟಿವು ಪಾಕೀಟಿನಾಗ ಸಿಗ್ತಾವ, ಬಿಸಿನೀರಾಗ ಇಟ್ಟು ಮೆತ್ತಗಾದ ಕೂಡ್ಲೆ ತಗೀರಿ. ಸೂಪಿನಾಗ ಕುದಿಸಬ್ಯಾಡ್ರಿ, ಹಿಟ್ಟು ಬಿಟ್ಟು ಸೂಪು ಗಂಜಿ ಆಗ್ತದ. ಪಾರ್ಸೆಲ್ ತಂದ್ರೂ ಹಂಗ, ಸೂಪು ಬ್ಯಾರೆ ನೂಡಲ್ಸ್ ಬ್ಯಾರೆ ಕಟ್ಟಿಸ್ಕೊಂಡು ಬರ್ರಿ.

ಕುಂದಾ_ಡಬ್ಬಿ:

ಎಲ್ಲಾರಿಗೂ ಮನಸಿನಿಂದ ಧನ್ಯವಾದ. ನಿನ್ನೆ ಅವ್ವನ್ನ ಕರ್ಕೊಂಡು ಹೋಗಿ ಬಂದೆ. ಅದಕ್ಕೂ ಮೊದ್ಲ ಮುಂಜಾನೆ ಗಿರಾಕಿ ಇಲ್ಲದ ಹೊತ್ತಿನಾಗ ನಾ ಒಬ್ಬಾಕಿನ ಹೋಗಿ ನೀವು ಹೇಳಿದಂಗ ಒಂದೊಂದ ಕೇಳಿದೆ. ವೆಜ್ ಸೂಪಿನ ಪಾತೇಲಿ ಬ್ಯಾರೆ ಐತಂತ, ಒಳಗ ಕರದು ತೋರಿಸಿದ್ರು, ಸೋಯಾ ಸಾಸ್ ಅಂದ್ರು. ಆದ್ರ ಮೇಯೊನೀಸ್ ತತ್ತಿದು! ಹಲಗಿ ಮ್ಯಾಲೆ ವೆಜ್ ಅಂತ ಬರದದ್ದು ಅದ. ಕೇಳದಿದ್ರ ಅವ್ವ ಅದನ್ನ ತಿಂದಬಿಡ್ತಿದ್ಲು. ಅಂಗಡಿಯ ಹುಡುಗ ತಪ್ಪಾತು ಅಂದ, ನನ್ನೆದುರಿಗೆ ಹಲಗಿ ಒರಸಿ "ತತ್ತಿ ಐತಿ" ಅಂತ ಬರದ, ಅವ್ವಗ ಬೆಣ್ಣಿ ಹಚ್ಚಿ ಮಾಡಿ ಕೊಟ್ಟ.

ಅವ್ವ ಮೊದಲ ಬರೇ ಸೂಪು ಕುಡದ್ಲು, ನಾನೂ. ಈ ಸಲ ರುಚಿ ತಿಳೀತು, ಸುಟ್ಟ ಉಳ್ಳಾಗಡ್ಡಿ ವಾಸನಿ ಮೊದ್ಲ ಬರ್ತೈತಿ, ಚಕ್ರಮೊಗ್ಗು ಆಮ್ಯಾಲೆ. ಸೊಪ್ಪಿನ ತಾಟು ನೋಡಿ ಅಕಿ "ಇದು ಕಾಮಕಸ್ತೂರಿ ಅಲ್ಲೇನು" ಅಂದ್ಲು, ನಮ್ಮಜ್ಜಿ ಮನಿ ಹಿತ್ತಲದಾಗ ಇರ್ತಿತ್ತಂತ. ಆದ್ರ ಇನ್ನೊಂದು ಎಲಿ ಇತ್ತು, ಉದ್ದಕ್ಕ, ಅಂಚಿಗೆ ಗರಗಸದಂಗ ಹಲ್ಲು, ವಾಸನಿ ಕೊತ್ತಂಬರಿದು ಆದ್ರ ಇನ್ನೂ ಜೋರು. ಅವ್ವ ಅದನ್ನ ಎರಡ ಸಲ ಬೇಡಿ ತಗೊಂಡ್ಲು. ಅದು ಏನು, ನಮ್ಮ ಕಡೆ ಬೆಳೀತೈತೇನು?

ಮಲಪ್ರಭಾ_ಮಳಿ (ಖಾನಾಪುರ):

ಅದು ಕಾಡು ಕೊತ್ತಂಬರಿರಿ, ವಿಯೆಟ್ನಾಂದವ್ರು ನ್ಗೊ ಗಾಯ್ ಅಂತಾರ. ಮಲೆನಾಡಿನ ಮನಿ ಹಿತ್ತಲದಾಗ ಹಚ್ತಾರ, ನೆರಳು ಮತ್ತ ಹಸಿ ಇದ್ರ ಸಾಕು, ಬಿಸಲಿಗೆ ಇಟ್ರ ಲಗೂ ಹೂ ಬಿಟ್ಟು ಮುಳ್ಳಾಗ್ತೈತಿ. ನಾ ಶಿರಸಿ ಕಡೆಯಿಂದ ತಂದು ಹಚ್ಚೇನಿ, ಈಗ ಸಸಿ ಭಾಳ ಆಗ್ಯಾವ. ಶುಕ್ರವಾರ ಬೆಳಗಾವಿಗೆ ಬರಾಂವ ಇದ್ದೀನಿ, ಗೋವಾವೇಸ್ ಹತ್ರ ಬಂದ್ರ ಅವ್ವಾರಿಗೆ ಒಂದು ಕುಂಡ್ಯಾಗ ಹಾಕಿ ಕೊಡ್ತೀನಿ.

ಮಿರ್ಚಿ_ಗಿರಮಿಟ್:

ನಂಗೂ ಒಂದು ಸಸಿ ಇಡ್ರಿ. ಆಮ್ಯಾಲೆ ಆ ಅಂಗಡಿಗೆ ಮತ್ತೊಮ್ಮೆ ಹೋಗ್ತೀನಿ, ಈ ಸಲ ಮುಂಜಾನೆ, ಖಾರ ನಾನ ಹಾಕ್ಕೊಂಡು.